ಗಮಕ ಗಂಟೆಯಾಗುವ ಗಳಿಗೆ

ತುಮಕೂರಿನಲ್ಲಿ ಗೆಳೆಯನೊಬ್ಬನ ಕೀಬೋರ್ಡ್ ರಿಪೇರಿ ಅಂಗಡಿಯಿದೆ. ಗಣೇಶನ ಹಬ್ಬ ಮುಗಿದರೆ ಆರ್ಕೆಸ್ಟ್ರಾದವರ ಕೆಟ್ಟ ಕೀಬೋರ್ಡ್‌ಗಳೆಲ್ಲ ಅಲ್ಲೇ. ಮೇಜಿನ ಮೂಲೆಯಲ್ಲಿ ಅವನೇ ಜೋಡಿಸಿಕೊಂಡ ಮಾಡ್ಯುಲರ್ ಸಿಂಥಸೈಜರ್: ಬಿಡಿ ಘಟಕಗಳನ್ನು ತಂತಿಯಿಂದ ಬೆಸೆದು ನಾದ ಹುಟ್ಟಿಸುವ ಯಂತ್ರ. ಮೊನ್ನೆ ಒಂದು ಆಸಿಲೇಟರ್‌ನ (ಸ್ವರ ಹುಟ್ಟಿಸುವ ಘಟಕ) ಔಟ್‌ಪುಟ್ಟನ್ನು ಇನ್ನೊಂದರ ಪಿಚ್ ಇನ್‌ಪುಟ್‌ಗೆ ಸಿಕ್ಕಿಸಿ ನಾಬ್ ತಿರುಗಿಸತೊಡಗಿದ. ಸೆಕೆಂಡಿಗೆ 5–6 ಸಲದ ನಡುಕ. ವೀಣೆಯ ಕಂಪಿತದ ಹಾಗೇ ಇತ್ತು. ಜೊತೆಗಿದ್ದ ವೀಣೆ ಮೇಷ್ಟ್ರು ತಲೆದೂಗಿದರು. 15ಕ್ಕೆ ಬಂದಾಗ ಗರಗರ. 30 ದಾಟಿದ್ದೇ ನಡುಕ ಮಾಯ, ಒರಟಾದ ಬೇರೆಯದೇ ನಾದ.

“ಗಮಕ ಎಲ್ಲಿ ಹೋಯ್ತಪ್ಪಾ?”

“ಅಲ್ಲೇ ಇದೆ ಸಾರ್, ನಿಮ್ಮ ಕಿವಿ ಎಣಿಸೋದು ಬಿಡ್ತು.”

ಅವನು ಹೇಳಿದ್ದು ಸರಿ. ಸುಮಾರು 20 ಹರ್ಟ್ಜ್‌ನಿಂದ (ಸೆಕೆಂಡಿಗೆ 20 ಸಲ) ಮೇಲಕ್ಕೆ ಕಿವಿಗೆ ಏರಿಳಿತ ಬಿಡಿಬಿಡಿಯಾಗಿ ಸಿಗುವುದಿಲ್ಲ; ಮೂಲಸ್ವರದ ಎರಡೂ ಪಕ್ಕ ಹೊಸ ಸ್ವರಗಳು ಹುಟ್ಟುತ್ತವೆ. 440 ಹರ್ಟ್ಜ್ ಸ್ವರವನ್ನು 110 ಹರ್ಟ್ಜ್‌ನಿಂದ ಅಲುಗಿಸಿದರೆ 330, 550, 220, 660 ಹೀಗೆ. ಎರಡರ ಲೆಕ್ಕ ಸರಳ ಅನುಪಾತದಲ್ಲಿದ್ದರೆ ಸುಸ್ವರ. ಅಷ್ಟು ಸರಳವಲ್ಲದ ಅನುಪಾತ, 200ರ ಸ್ವರಕ್ಕೆ 280ರ ಅಲುಗಾಟ ಕೊಟ್ಟು ನೋಡಿ, ಗುಡಿಯ ಗಂಟೆ.

ಇದಕ್ಕೆ ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಶನ್) ಎನ್ನುತ್ತಾರೆ. ಕಂಡುಕೊಂಡವರು ಯಾರು ಎಂದರೆ ಸಾಮಾನ್ಯವಾಗಿ ಬರುವ ಹೆಸರು ಸಂಗೀತ ಸಂಯೋಜಕ ಜಾನ್ ಚೌನಿಂಗ್. 1967ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಅವರು ಕಂಪ್ಯೂಟರಿನಲ್ಲಿ ವೈಬ್ರಾಟೋವನ್ನು ಅತಿಗೆ ಒಯ್ದಾಗ ನಡುಕ ನಾದದ ಬಣ್ಣವಾಯಿತು. ಕಿವಿ ಮೊದಲು, ಗಣಿತ ಆಮೇಲೆ. ಪ್ರಬಂಧ ಅಚ್ಚಾದದ್ದು 1973ರಲ್ಲಿ. ಯಮಹಾ ಪರವಾನಗಿ ಪಡೆದು 1983ರಲ್ಲಿ ಡಿಎಕ್ಸ್7 ಕೀಬೋರ್ಡ್ ತಂದಿತು: ಆರು ಆಪರೇಟರ್ (ಡಿಜಿಟಲ್ ಆಸಿಲೇಟರ್), ಅವುಗಳ 32 ಜೋಡಣೆ. (ಒಳಗೆ ನಡೆಯುವುದು ನಿಜಕ್ಕೂ ಫೇಸ್ ಮಾಡ್ಯುಲೇಶನ್, ಆವರ್ತನದ ಬದಲು ತರಂಗದ ಹಂತವನ್ನು ಅಲುಗಿಸುವುದು; ಕಿವಿಗೇನೂ ತಕರಾರಿಲ್ಲ.)

ನನ್ನ ತಕರಾರು ಇಷ್ಟೇ: ತಂತಿ ಸಿಕ್ಕಿಸಿದವರ ಕಥೆ ಇದರಲ್ಲಿ ಮರೆಯಾಗುತ್ತದೆ. 1960ರ ದಶಕದ, ಸಿಂಥಸೈಜರ್ ತಯಾರಕ ರಾಬರ್ಟ್ ಮೂಗ್ ಅವರ ಮಾಡ್ಯುಲರ್‌ನಲ್ಲಿ ಧ್ವನಿಗೂ ನಿಯಂತ್ರಣಕ್ಕೂ ಒಂದೇ ಬಗೆಯ ಸಾಕೆಟ್. ಯಾವುದನ್ನು ಎಲ್ಲಿಗೆ ಬೇಕಾದರೂ ಚುಚ್ಚಬಹುದು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್‌ಐಡಿ) ಅಂಥದೊಂದು ಮೂಗ್ ಸ್ಥಾಪಿಸಿದ್ದರು. ಇನ್ನೊಬ್ಬ ತಯಾರಕ ಡಾನ್ ಬುಕ್ಲಾ ಧ್ವನಿ, ನಿಯಂತ್ರಣ ಎರಡನ್ನೂ ಬೇರೆ ಇಟ್ಟವರು, ಆದರೂ 1973ರ ಮ್ಯೂಸಿಕ್ ಈಸೆಲ್ ಸಿಂಥಸೈಜರ್‌ನಲ್ಲಿ ಮಾಡ್ಯುಲೇಶನ್‌ಗೆಂದೇ ಒಂದು ಆಸಿಲೇಟರ್ ಇಟ್ಟರು. 1970ರ ಮಿನಿಮೂಗ್‌ನ ಮೂರನೆಯ ಆಸಿಲೇಟರ್ ಕೂಡ ಇದೇ ಕೆಲಸಕ್ಕೆ ಒದಗುತ್ತಿತ್ತು.

ಹಾಗಿದ್ದೂ ಗೆದ್ದದ್ದು ಕಂಪ್ಯೂಟರ್. ಕಾರಣ ಶ್ರುತಿ. ಮೂಗ್ ಪದ್ಧತಿಯಲ್ಲಿ ಒಂದು ವೋಲ್ಟಿಗೆ ಒಂದು ಸ್ಥಾಯಿ: ಒಂದು ವೋಲ್ಟ್ ಮೇಲೆ ಹೋದರೆ 440 ಇದ್ದದ್ದು 880 ಆಗುತ್ತದೆ, ಕೆಳಗೆ ಬಂದರೆ 220. ಏರುವಾಗ 440ರ ಜಿಗಿತ, ಇಳಿಯುವಾಗ 220ರದ್ದು ಮಾತ್ರ. ಮಾಡ್ಯುಲೇಶನ್ ಹೆಚ್ಚಿಸಿದಷ್ಟೂ ಸ್ವರ ಮೇಲಕ್ಕೆ ಜಾರುತ್ತದೆ. ಇದಕ್ಕೆ ಮದ್ದು ಏರಿಳಿತ ಎರಡನ್ನೂ ಸಮವಾಗಿಸುವ ಲೀನಿಯರ್ ಎಫ್‌ಎಂ. ಇನ್ನೂ ಮುಂದೆ ಹೋದರೆ, ಸೊನ್ನೆ ದಾಟಿ ತರಂಗವನ್ನೇ ಹಿಮ್ಮುಖ ಓಡಿಸುವ ಥ್ರೂ-ಜೀರೋ. 1990ರ ದಶಕದಲ್ಲಿ ಡೀಟರ್ ಡೋಪ್ಫರ್ ಶುರುಮಾಡಿದ ಯೂರೋರ್ಯಾಕ್ ಅಳತೆಯಲ್ಲಿ ಇವೆಲ್ಲ ಈಗ ಅಂಗೈಯಗಲದ ಮಾಡ್ಯೂಲ್‌ಗಳು.

ಗೆಳೆಯನ ಬಳಿ ಇರುವುದು ಹಳೇ ಬಗೆಯದೇ. ಮೇಷ್ಟ್ರು ಗಂಟೆ ಕೇಳಬೇಕೆಂದರು. ಹತ್ತು ನಿಮಿಷ ತಿಣುಕಿ ಹೊಂದಿಸಿದ, ಚೆನ್ನಾಗಿಯೇ ಮೊಳಗಿತು. ಕಾಫಿ ಬರುವಷ್ಟರಲ್ಲಿ ಆಸಿಲೇಟರ್ ಬಿಸಿಯಾಗಿ ಜಾರಿತ್ತು. ಮೇಷ್ಟ್ರು ಲೋಟ ಕೆಳಗಿಟ್ಟು, “ಬಿರುಡೆ ಎಲ್ಲಿದೆ, ನಾನು ಕೂಡಿಸ್ತೀನಿ” ಎಂದರು.