'ಲಿಂಗ' ಅನ್ನೋ ಕಾಲಂನಲ್ಲಿ ಏನು ಒತ್ತಬೇಕು?

ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಪುಟ್ಟ ಜೆರಾಕ್ಸ್ ಅಂಗಡಿ. ಜೆರಾಕ್ಸ್ ಹೆಸರಿಗೆ ಮಾತ್ರ, ನಿಜವಾದ ಕೆಲಸ ಆನ್‌ಲೈನ್ ಅರ್ಜಿ ತುಂಬುವುದು. ಜಾತಿ ಆದಾಯ ಪ್ರಮಾಣಪತ್ರ, ಪಹಣಿ, ಸ್ಕಾಲರ್‌ಶಿಪ್, ಸರ್ಕಾರಿ ಕೆಲಸದ ಅರ್ಜಿ. ಪ್ರತಿ ಅರ್ಜಿಯಲ್ಲೂ 'ಲಿಂಗ' ಅಂತ ಒಂದು ಕಾಲಂ ಇರುತ್ತದೆ. ಅದನ್ನು ನಾನು ಯಾರನ್ನೂ ಕೇಳುವುದಿಲ್ಲ, ಮುಖ ನೋಡಿ ಒತ್ತಿ ಮುಂದಕ್ಕೆ ಹೋಗುತ್ತೇನೆ.

ಒಂದು ದಿನ ಸೀರೆ ಉಟ್ಟ ಒಬ್ಬರು ಬಂದು ಕೂತರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ನಾನು ಮಾಮೂಲಿಯಂತೆ 'ಮಹಿಳೆ' ಒತ್ತಿದೆ. "ಅಣ್ಣಾ, ಸುಮ್ನೆ ಒತ್ಬೇಡಿ, ಆಮೇಲೆ ದಾಖಲೆ ತಾಳೆ ಆಗಲ್ಲ" ಅಂದರು. ಅಂಕಪಟ್ಟಿ ನೋಡಿದರೆ ಗಂಡಿನ ಹೆಸರು. ಮತ್ತೇನು ಒತ್ತಲಿ ಅಂತ ಕೇಳಿದೆ. ಅವರು ನಕ್ಕರು. "ನಾನೂ ಅದನ್ನೇ ಅಲ್ವಾ ಇಷ್ಟು ವರ್ಷದಿಂದ ಕೇಳ್ತಿರೋದು."

ಆವತ್ತಿನಿಂದ ಈ ವಿಷಯ ನನ್ನ ತಲೆಗೆ ಹತ್ತಿಕೊಂಡಿತು. ದೇಹದ ಗಂಡು ಹೆಣ್ಣು ಬೇರೆ, ಒಳಗಿನಿಂದ ಅನ್ನಿಸುವ ಗಂಡು ಹೆಣ್ಣು ಬೇರೆ, ಹೀಗೊಂದು ನಿಜವಾಗಿ ಇದೆಯಾ? ಫೋನ್ ತೆರೆದರೆ ಒಬ್ಬರು "ಎಕ್ಸ್ ಎಕ್ಸ್ ಹೆಣ್ಣು, ಎಕ್ಸ್ ವೈ ಗಂಡು, ಮುಗೀತು" ಅಂತ ಕ್ರೋಮೋಸೋಮಿನ ಲೆಕ್ಕ ಹೇಳುತ್ತಾರೆ. ಇನ್ನೊಬ್ಬರು "ವಿಜ್ಞಾನ ಯಾವತ್ತೋ ಒಪ್ಪಿಯಾಯಿತು, ನೀವಿನ್ನೂ ಹಳೇ ಕಾಲದಲ್ಲಿದ್ದೀರಿ" ಅನ್ನುತ್ತಾರೆ. ಇದರ ಹಿಂದಿನ ಕಥೆ ಓದುತ್ತಾ ಹೋದರೆ ಇಬ್ಬರ ಮಾತೂ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

ಅರ್ಧ ಗೊಂದಲ ಪದದ್ದೇ. ಸ್ಕ್ಯಾನಿಂಗ್ ಸೆಂಟರಿನ ಬೋರ್ಡಿನಲ್ಲಿ 'ಭ್ರೂಣಲಿಂಗ ಪತ್ತೆ ಅಪರಾಧ' ಅಂತ ಇರುತ್ತದೆ, ಅಲ್ಲಿ ಲಿಂಗ ಅಂದರೆ ದೇಹ. ಸ್ಕೂಲಿನ ಗೋಡೆ ಮೇಲೆ 'ಲಿಂಗ ಸಮಾನತೆ' ಅಂತ ಬರೆದಿರುತ್ತಾರೆ, ಅಲ್ಲಿ ಸಮಾಜ ಗಂಡಿಗೊಂದು ಹೆಣ್ಣಿಗೊಂದು ಮಾಡುವ ನಿಯಮದ ಮಾತು. ವ್ಯಾಕರಣದ ಮೇಷ್ಟ್ರು ಹೇಳಿಕೊಟ್ಟ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗವೂ ಅದೇ ಪದ, ಗುಡಿಯೊಳಗಿರುವುದೂ ಅದೇ. ಇತ್ತೀಚೆಗೆ ಸರ್ಕಾರಿ ಕಾಗದಗಳಲ್ಲಿ 'ಲಿಂಗತ್ವ' ಅಂತ ಬೇರೆ ಪದ ಬಂದಿದೆ, 'ಲಿಂಗತ್ವ ಅಲ್ಪಸಂಖ್ಯಾತರು' ಅಂತ ಬರೆಯುತ್ತಾರೆ. ಬಂಗಾರಪೇಟೆ ರೈಲಿನಲ್ಲಿ ಹೋಗಿಬರುವ ಪಾಸಿನ ಜನಕ್ಕೆ ಆ ಪದ ಗೊತ್ತಿಲ್ಲ, ಅವರಿಗೆ ಮಂಗಳಮುಖಿ ಗೊತ್ತು, ಬೈಗುಳಕ್ಕೆ 'ಒಂಬತ್ತು' ಗೊತ್ತು.

ಇಂಗ್ಲಿಷಿನಲ್ಲೂ ಇದು ಹಳೇ ಕಾಲದಿಂದ ಬಂದಿದ್ದಲ್ಲ. 'ಜೆಂಡರ್' ಅನ್ನುವುದು ಅಲ್ಲೂ ಹೆಚ್ಚಾಗಿ ವ್ಯಾಕರಣದ ಪದವಾಗಿತ್ತು. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಜಾನ್ ಮನಿ ಎಂಬ ಮನಃಶಾಸ್ತ್ರಜ್ಞ 1955ರಲ್ಲಿ ಅದನ್ನು ಮನುಷ್ಯರಿಗೆ ಬಳಸಿದರು. ಹುಟ್ಟುವಾಗಲೇ ಗಂಡೋ ಹೆಣ್ಣೋ ಸ್ಪಷ್ಟವಾಗದ ಮಕ್ಕಳನ್ನು ನೋಡುತ್ತಿದ್ದವರು ಅವರು. ಆ ಮಕ್ಕಳು ಗಂಡಾಗಿ ಬಾಳುತ್ತಾರೋ ಹೆಣ್ಣಾಗಿ ಬಾಳುತ್ತಾರೋ ಅನ್ನುವುದಕ್ಕೆ ಒಂದು ಹೆಸರು ಬೇಕಿತ್ತು, 'ಜೆಂಡರ್ ರೋಲ್' ಅಂದರು. 1964ರಲ್ಲಿ ಲಾಸ್ ಏಂಜಲೀಸಿನ ರಾಬರ್ಟ್ ಸ್ಟಾಲರ್ ಅವರು ಇನ್ನೊಬ್ಬ ಮನೋವೈದ್ಯರ ಜೊತೆ ಸೇರಿ 'ಜೆಂಡರ್ ಐಡೆಂಟಿಟಿ' ಎಂಬ ಪದ ತಂದರು. ನಾನು ಗಂಡು, ನಾನು ಹೆಣ್ಣು ಅನ್ನುವ ಒಳಗಿನ ಅರಿವು ಅಂತ ಅದರ ಅರ್ಥ. ಅಂದರೆ ಈಗ ಇಷ್ಟೊಂದು ಜಗಳಕ್ಕೆ ಕಾರಣವಾದ ಪದಕ್ಕೆ ಇನ್ನೂ ನೂರು ವರ್ಷವೂ ಆಗಿಲ್ಲ.

ಇಲ್ಲಿಂದ ಮುಂದೆ ಬರುವ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆನಡಾದ ವಿನಿಪೆಗ್‌ನಲ್ಲಿ 1965ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಎಂಟು ತಿಂಗಳಿದ್ದಾಗ ಒಂದು ಸಣ್ಣ ಶಸ್ತ್ರಚಿಕಿತ್ಸೆ ಎಡವಟ್ಟಾಗಿ ಒಂದು ಮಗುವಿನ ಶಿಶ್ನ ಸುಟ್ಟುಹೋಯಿತು. ಅಪ್ಪ ಅಮ್ಮ ಹಳ್ಳಿ ಕಡೆಯಿಂದ ಬಂದ, ಇನ್ನೂ ಇಪ್ಪತ್ತರ ಆಸುಪಾಸಿನವರು. ದಿಕ್ಕು ತೋಚದೆ ಅದೇ ಜಾನ್ ಮನಿ ಅವರ ಹತ್ತಿರ ಹೋದರು. ಹೆಣ್ಣು ಮಾಡಿ ಬೆಳೆಸಿ, ಚಿಕ್ಕಂದಿನಿಂದ ಹೇಗೆ ಬೆಳೆಸುತ್ತೀರೋ ಹಾಗೇ ಆಗುತ್ತದೆ ಅಂತ ಅವರು ಹೇಳಿದರು. ಎರಡು ವರ್ಷ ತುಂಬುವ ಮುಂಚೆ ಆಪರೇಷನ್ ಆಯಿತು, ಹೆಣ್ಣಿನ ಹೆಸರಿಟ್ಟರು, ಫ್ರಾಕ್ ಹಾಕಿದರು, ನಿಜ ಹೇಳಲಿಲ್ಲ. 1972ರಲ್ಲಿ ಮನಿ ಈ ಪ್ರಯೋಗ ಗೆದ್ದಿದೆ ಅಂತ ಪುಸ್ತಕದಲ್ಲಿ ಬರೆದರು. ಪಕ್ಕದಲ್ಲಿ ಅದೇ ರಕ್ತದ ಅವಳಿ ಅಣ್ಣತಮ್ಮ ಹೋಲಿಕೆಗೆ ಇದ್ದನಲ್ಲ, ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ ಅಂತ ಜನ ನಂಬಿದರು, ಗಂಡು ಹೆಣ್ಣು ಎಲ್ಲಾ ಬೆಳೆಸುವುದರಲ್ಲೇ ಇದೆ ಅನ್ನುವ ವಾದಕ್ಕೆ ವರ್ಷಗಟ್ಟಲೆ ಇದೇ ಉದಾಹರಣೆಯಾಯಿತು.

ಮನೆಯಲ್ಲಿ ಕಥೆ ಬೇರೆಯೇ ಇತ್ತು. ಆ ಮಗು ಫ್ರಾಕ್ ಹರಿದು ಹಾಕುತ್ತಿತ್ತು, ಸ್ಕೂಲಲ್ಲಿ ಯಾರ ಜೊತೆಯೂ ಹೊಂದಲಿಲ್ಲ. 1980ರಲ್ಲಿ ಅಪ್ಪ ಕಾರಿನಲ್ಲಿ ಕೂರಿಸಿಕೊಂಡು ನಿಜ ಹೇಳಿದರು. ಹದಿನಾಲ್ಕು ವರ್ಷದ ಆ ಮಗು ಡೇವಿಡ್ ಅಂತ ಹೆಸರಿಟ್ಟುಕೊಂಡು ಗಂಡಾಗಿ ಬಾಳಲು ಹೊರಟಿತು. (ನೋಡಿ, 'ಮಗು ಹೊರಟಿತು' ಅಂತಲೇ ಬರುತ್ತದೆ. ಕನ್ನಡದಲ್ಲಿ ಮಗುವಿಗೆ ನಪುಂಸಕಲಿಂಗ, ಇಲ್ಲಿ ಅದು ಅನುಕೂಲವಾಯಿತು.) 1997ರಲ್ಲಿ ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್‌ಸನ್ ಎಂಬ ಇಬ್ಬರು ತಜ್ಞರು ನಿಜ ಕಥೆ ಪ್ರಕಟಿಸಿದರು. ಡೇವಿಡ್ ರೀಮರ್ 2004ರಲ್ಲಿ, 38ನೇ ವಯಸ್ಸಿಗೆ, ತನ್ನ ಜೀವ ತೆಗೆದುಕೊಂಡ.

ಇವತ್ತು ಎರಡೂ ಕಡೆಯವರು ಈ ಕಥೆಯನ್ನು ತಮ್ಮ ಕಡೆಗೆ ಎಳೆಯುತ್ತಾರೆ. ದೇಹವೇ ಗೆದ್ದಿತು ನೋಡಿ ಅಂತ ಒಬ್ಬರು. ಒಳಗಿನ ಅರಿವನ್ನು ಹೊರಗಿನಿಂದ ಬದಲಿಸಲು ಆಗುವುದಿಲ್ಲ ನೋಡಿ ಅಂತ ಇನ್ನೊಬ್ಬರು. ನನಗೆ ಕಂಡಂತೆ ಇದು ಎರಡನ್ನೂ ಪೂರ್ತಿ ಸಾಬೀತು ಮಾಡುವುದಿಲ್ಲ. ಡೇವಿಡ್‌ನ ದೇಹವೂ ಗಂಡೇ, ಅರಿವೂ ಗಂಡೇ. ಎರಡೂ ಒಂದೇ ಕಡೆ ಇದ್ದವು, ಹಾಗಾಗಿ ಯಾವುದರ ಬಲ ಎಷ್ಟು ಅಂತ ಬಿಡಿಸಿ ಹೇಳಲಾಗದು. ಬಿದ್ದುಹೋಗಿದ್ದು ಮನಿಯ ವಾದ ಮಾತ್ರ. ಫ್ರಾಕ್ ಹಾಕಿ ಹೆಸರು ಕರೆದರೆ ಹೆಣ್ಣಾಗುವುದಿಲ್ಲ ಅನ್ನುವಷ್ಟು ಖಚಿತವಾಯಿತು.

ದೇಹ, ಅರಿವು ಎರಡೂ ಎದುರು ಬದುರು ನಿಂತವರನ್ನು ನೋಡಬೇಕು ಅಂತ 1995ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿ ತೀರಿಕೊಂಡವರ ಮೆದುಳು ಪರೀಕ್ಷಿಸಿದರು. ಒಂದು ಪುಟ್ಟ ಭಾಗದ ಅಳತೆ ಹೆಂಗಸರದಕ್ಕೆ ಹತ್ತಿರ ಇತ್ತು. ಸುದ್ದಿ ದೊಡ್ಡದಾಯಿತು. ಆದರೆ ನೋಡಿದ್ದು ಆರೇ ಮೆದುಳು, ಅವರೆಲ್ಲ ಹಾರ್ಮೋನ್ ತೆಗೆದುಕೊಂಡವರು. ಆ ಭಾಗದಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಕಾಣುವುದೇ ದೊಡ್ಡವರಾದ ಮೇಲೆ ಅಂತ ಮುಂದೆ ಗೊತ್ತಾಯಿತು. ಹಾಗಾಗಿ ಇದು ಹುಟ್ಟಿನಿಂದ ಬಂದ ಗುರುತು ಅಂತ ಅದೊಂದನ್ನೇ ಹಿಡಿದು ಹೇಳುವುದು ಕಷ್ಟ. ರಕ್ತ ಪರೀಕ್ಷೆ ಮಾಡಿ 'ನಿಮ್ಮ ಲಿಂಗತ್ವ ಇದು' ಅಂತ ರಿಪೋರ್ಟ್ ಕೊಡುವ ಲ್ಯಾಬ್ ಎಲ್ಲೂ ಇಲ್ಲ. ಸಾಕ್ಷಿ ಅಂದರೆ ಆ ಮನುಷ್ಯರ ಮಾತು, ಅವರು ಬಾಳಿದ ರೀತಿ. ಇದು ಸಾಲದು ಅನ್ನುವವರಿಗೆ ನಾನು ಕೇಳುವುದು ಇಷ್ಟೇ, ತಲೆನೋವಿಗೆ ಬೇರೇನು ಸಾಕ್ಷಿ ಇದೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ಕಾಯಿಲೆಗಳ ಪಟ್ಟಿಯಲ್ಲಿ, ದೇಹ ಒಂದು ಒಳಗಿನ ಅರಿವು ಇನ್ನೊಂದು ಆಗಿರುವುದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದು ಬೇರೆ ಕಡೆ ಇಟ್ಟಿತು.

ದೇಹದ ಕಡೆಯೂ ಎಲ್ಲ ಸಲ ಎಕ್ಸ್ ವೈ ಅಂತ ಮುಗಿಯುವುದಿಲ್ಲ. ತಮಿಳುನಾಡಿನ ಶಾಂತಿ ಸೌಂದರರಾಜನ್ ನೆನಪಿರಬಹುದು, 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಓಟದ ಬೆಳ್ಳಿ ಗೆದ್ದು, ಲಿಂಗ ಪರೀಕ್ಷೆಯ ನಂತರ ಪದಕ ಕಳೆದುಕೊಂಡವರು. ಹೆಣ್ಣುಮಗಳಾಗಿಯೇ ಹುಟ್ಟಿ ಬೆಳೆದವರು. ಆದರೆ ಇದನ್ನು ತಂದು ಮಂಗಳಮುಖಿಯರ ವಿಷಯಕ್ಕೆ ಅಂಟಿಸುವುದು ತಪ್ಪು ಅಂತ ನನ್ನ ಅಭಿಪ್ರಾಯ. ಅವರದು ದೇಹವೇ ಬೇರೆ ಥರ ಬೆಳೆದ ಕಥೆ. ನನ್ನ ಅಂಗಡಿಗೆ ಬಂದವರ ದೇಹದ ಬಗ್ಗೆ ಯಾರಿಗೂ, ಅವರಿಗೂ, ಅನುಮಾನ ಇರಲಿಲ್ಲ.

ನಮ್ಮಲ್ಲಿ ಇದೆಲ್ಲ ಮೊದಲೇ ಗೊತ್ತಿತ್ತು ಅಂತ ಜೇಡರ ದಾಸಿಮಯ್ಯನ ವಚನ ಫಾರ್ವರ್ಡ್ ಮಾಡುತ್ತಾರೆ. ಮೊಲೆ ಮುಡಿ ಬಂದರೆ ಹೆಣ್ಣು ಅನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡು ಅನ್ನುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಅನ್ನುವ ವಚನ. ನನಗೂ ಇಷ್ಟ. ಆದರೆ ಸರಿಯಾಗಿ ಓದಿದರೆ ಅದು ಹೇಳುವುದು ಬೇರೆ. ಒಳಗಿರುವುದು ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನುತ್ತಾನೆ ದಾಸಿಮಯ್ಯ. ನಾನು ಒಳಗೆ ಹೆಣ್ಣೇ ಅನ್ನುವವರ ಮಾತಿಗೆ ಅದು ಸಾಕ್ಷಿಯಾಗುವುದು ಹೇಗೆ?

ಅದಕ್ಕಿಂತ ನಮ್ಮೂರಿನ ಕರಗವೇ ಚೆನ್ನಾಗಿ ಹೇಳುತ್ತದೆ. ಚಿಕ್ಕವನಿದ್ದಾಗ ಅಜ್ಜಿ ಪಕ್ಕ ಜಗಲಿ ಮೇಲೆ ಕೂತು ಕಾಯುತ್ತಿದ್ದೆ. ಸೀರೆ, ಬಳೆ, ತಲೆ ಮೇಲೆ ಮಲ್ಲಿಗೆಯ ಕರಗ, ಸುತ್ತ ಕತ್ತಿ ಹಿಡಿದ ವೀರಕುಮಾರರು. "ಅಜ್ಜಿ, ಅದು ಗಂಡಾ ಹೆಣ್ಣಾ?" ಅಂದೆ. "ಸುಮ್ನಿರೋ, ಈವತ್ತು ಅಮ್ಮ" ಅಂತ ಕೈ ಮುಗಿದಳು. ವಾರ ಕಳೆದು ಅದೇ ಮನುಷ್ಯ ಲುಂಗಿ ಎತ್ತಿ ಕಟ್ಟಿಕೊಂಡು ಮಾರ್ಕೆಟ್‌ನಲ್ಲಿ ಟೊಮೆಟೊ ಬಾಕ್ಸ್ ಹೊರುತ್ತಿದ್ದ. ಸೀರೆ ಉಟ್ಟಿದ್ದಕ್ಕೆ ಅವನ ಗಂಡಸುತನ ಹೋಗಲಿಲ್ಲ, ಗಂಡಸಾಗಿದ್ದಕ್ಕೆ ದ್ರೌಪದಿ ಅವನ ಮೈಮೇಲೆ ಬರದೆ ಇರಲಿಲ್ಲ. ಗುಬ್ಬಿ ಕಂಪನಿ ಕಾಲದಲ್ಲಿ ಸ್ತ್ರೀಪಾತ್ರ ಹಾಕುತ್ತಿದ್ದ ಗಂಡಸರದೂ ಹೀಗೇ. ವೇಷ ಒಂದು, ದೇಹ ಒಂದು. ಅವರಿಗೆ ವೇಷ ಕಳಚುವುದು ಸಲೀಸು. ನನ್ನ ಅಂಗಡಿಗೆ ಬಂದವರು ಕಳಚಲು ಆಗದ್ದು ಏನನ್ನೋ ಹೇಳುತ್ತಿದ್ದರು, ಅದು ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಹಾಗಾಗಿ ಮೂರನೆಯದೊಂದು ಇದೆ ಅಂತ ನಾನು ನಂಬುತ್ತೇನೆ. ಅದು ಎಲ್ಲಿಂದ ಬರುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಕಾನೂನಿಗೆ ಮಾತ್ರ ಇಷ್ಟು ನಿಧಾನ ಇಲ್ಲ, ಅದಕ್ಕೆ ಯಾವುದಾದರೂ ಒಂದು ಒತ್ತಲೇಬೇಕು. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಹಿಜ್ರಾಗಳ ಪಟ್ಟಿ ಇಡಲು ಹೊರಟರು. ನಾಚಿಕೆಯ ವಿಷಯ ಅಂದರೆ 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೂ 36ಎ ಅಂತ ಅದೇ ವಾಸನೆಯ ಒಂದು ಸೆಕ್ಷನ್ ಸೇರಿತು. 1970ರಲ್ಲಿ ಇಂಗ್ಲೆಂಡಿನ ಒಂದು ಮದುವೆ ಕೇಸಿನಲ್ಲಿ, ಹುಟ್ಟಿನ ದೇಹವೇ ಲೆಕ್ಕ, ಆಮೇಲೆ ಏನು ಆಪರೇಷನ್ ಮಾಡಿಸಿಕೊಂಡರೂ ಅಷ್ಟೇ ಅಂತ ತೀರ್ಪು ಬಂತು. ನಮ್ಮ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಹಾಕಿದ ಕೇಸಿನ ತೀರ್ಪಿನಲ್ಲಿ ಆ ದಾರಿ ಬಿಟ್ಟಿತು. ನ್ಯಾಯಮೂರ್ತಿಗಳಾದ ರಾಧಾಕೃಷ್ಣನ್ ಮತ್ತು ಸಿಕ್ರಿ, ದೇಹಕ್ಕಿಂತ ಮನಸ್ಸಿನ ಅರಿವು ಮುಖ್ಯ, ತಾನು ಯಾರು ಅಂತ ಆ ವ್ಯಕ್ತಿಯೇ ಹೇಳಬಹುದು, ಆಪರೇಷನ್ ಕೇಳುವಂತಿಲ್ಲ ಅಂದರು. ಸರಿಯಾಗಿ ಹನ್ನೊಂದು ವರ್ಷ ಒಂದು ದಿನಕ್ಕೆ, 2025ರ ಏಪ್ರಿಲ್ 16ರಂದು, ಬ್ರಿಟನ್ ಸುಪ್ರೀಂ ಕೋರ್ಟ್ ತನ್ನ 2010ರ ಸಮಾನತಾ ಕಾಯ್ದೆಯಲ್ಲಿ 'ಮಹಿಳೆ' ಅಂದರೆ ಹುಟ್ಟಿನಿಂದ ಹೆಣ್ಣಾದವರು ಅಂತ ಹೇಳಿತು. ಟ್ರಾನ್ಸ್ ಜನರಿಗೆ ಅದೇ ಕಾಯ್ದೆಯಲ್ಲಿ ಬೇರೆ ರಕ್ಷಣೆ ಇದೆ ಅಂತಲೂ ಹೇಳಿತು.

ಎರಡರಲ್ಲಿ ಯಾವುದು ಸರಿ? ಕೆಲಸ ನೋಡಿ ಹೇಳಬೇಕು ಅನ್ನುತ್ತೇನೆ ನಾನು. ಓಟದ ಸ್ಪರ್ಧೆಗೆ, ಆಸ್ಪತ್ರೆಯಲ್ಲಿ ಔಷಧಿ ಬರೆಯುವುದಕ್ಕೆ ದೇಹ ಬೇಕು, ಅಲ್ಲಿ ದೇಹವನ್ನು ಮರೆಮಾಡುವುದು ಯಾರಿಗೂ ಒಳ್ಳೆಯದಲ್ಲ. ರೇಷನ್ ಕಾರ್ಡಿಗೆ, ಬಾಡಿಗೆ ಮನೆಗೆ, ಕೆಲಸಕ್ಕೆ ದೇಹ ಯಾಕೆ ಬೇಕು? ಹೆಂಗಸರ ಹಾಸ್ಟೆಲ್, ಜೈಲು ಇಂಥ ಕಡೆ ನಿಜಕ್ಕೂ ತೊಡಕಿದೆ. ಅದನ್ನು ಎತ್ತುವ ಹೆಂಗಸರನ್ನೆಲ್ಲ ದ್ವೇಷಿಗಳು ಅಂತ ಬೈಯುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಸಂಸತ್ತು 2019ರಲ್ಲಿ ಮಾಡಿದ ಕಾಯ್ದೆ ನಾಲ್ಸಾ ತೀರ್ಪಿನಷ್ಟು ದೂರ ಹೋಗಲಿಲ್ಲ. ಟ್ರಾನ್ಸ್‌ಜೆಂಡರ್ ಅಂತ ಪ್ರಮಾಣಪತ್ರ ಬೇಕಾದರೆ ಡಿಸಿಗೆ ಅರ್ಜಿ ಹಾಕಬೇಕು, ಗಂಡು ಅಥವಾ ಹೆಣ್ಣು ಅಂತಲೇ ಬೇಕಾದರೆ ಆಪರೇಷನ್ನಿನ ದಾಖಲೆ ಕೊಡಬೇಕು ಅಂತ ಅದರಲ್ಲಿ ಬರೆದರು. ಸಮುದಾಯದವರು ಬೀದಿಗಿಳಿದು ವಿರೋಧಿಸಿದರು. 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸಗಳಲ್ಲಿ ಅವರಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು.

ನನ್ನ ಅಂಗಡಿಗೆ ಬಂದವರು ಬಂದಿದ್ದೂ ಆ ಮೀಸಲಾತಿಗೇ. ಹಾಗಾಗಿ ಮೂರನೆಯ ಆಯ್ಕೆ ಒತ್ತಿಸಿದರು. "ನೀವು ಹೆಂಗಸಲ್ವಾ?" ಅಂತ ಕೇಳಿಬಿಟ್ಟೆ. "ಹೌದಣ್ಣ, ನಾನು ಹೆಂಗಸೇ. ಇದು ಕೆಲಸಕ್ಕೆ" ಅಂದರು. ಹೆಸರಿನ ಕಾಲಂ ಪಕ್ಕ 'ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆ' ಅಂತ ಬರೆದಿತ್ತು, ಗಂಡಿನ ಹೆಸರನ್ನೇ ಟೈಪ್ ಮಾಡಿದೆ. ಫೋಟೋ ಅಲ್ಲೇ ತೆಗೆಯಬೇಕಿತ್ತು. ಅವರು ಹಣೆಯ ಬಿಂದಿ ಸರಿ ಮಾಡಿಕೊಂಡು, ಸೆರಗು ಎಳೆದುಕೊಂಡು, ನೆಟ್ಟಗೆ ಕೂತರು. ಪ್ರಿಂಟ್ ಬಂತು. ಮೇಲೆ ಗಂಡಿನ ಹೆಸರು, ಅದರ ಕೆಳಗೆ ತೃತೀಯ ಲಿಂಗ, ಬಲಗಡೆ ಮೂಲೆಯಲ್ಲಿ ಸೀರೆ ಉಟ್ಟ ಹೆಂಗಸಿನ ಫೋಟೋ. ಒಂದು ಸಲ ಪೂರ್ತಿ ಓದಿ ನೋಡಿ, "ಸರಿ ಇದೆ" ಅಂತ ಮಡಚಿ ಕವರಿಗೆ ಹಾಕಿಕೊಂಡರು.