ಕಾಳಗದ ಸರದಿಯಲ್ಲಿ ತಿಳಿವಳಿಕೆಗೂ ಒಂದು ಪಾಲು

ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಪಾತ್ರ ಕಟ್ಟುವಾಗ ಇತಿಹಾಸ, ಧರ್ಮ, ನಿಸರ್ಗ, ಮಂತ್ರವಿದ್ಯೆ ಮುಂತಾದ ಜ್ಞಾನದ ಸ್ಕಿಲ್‌ಗಳನ್ನು ಆಸೆಪಟ್ಟು ಆರಿಸಿಕೊಂಡ ಆಟಗಾರರು, ಕಾಳಗ ಶುರುವಾದ ಕೂಡಲೇ ಅವನ್ನು ಪೂರ್ತಿ ಮರೆತುಬಿಡುತ್ತಾರೆ. ಆಟ ನಡೆಸುವುದನ್ನೇ ವೃತ್ತಿ ಮಾಡಿಕೊಂಡಿರುವ ನಾನು ಇದನ್ನು ಮತ್ತೆ ಮತ್ತೆ ನೋಡುತ್ತೇನೆ, ಮತ್ತು ಇದರಲ್ಲಿ ಆಟಗಾರರ ತಪ್ಪೇನೂ ನನಗೆ ಕಾಣುವುದಿಲ್ಲ. ಕತ್ತಿ ಬೀಸಿದರೆ ಶತ್ರುವಿನ ಹಿಟ್ ಪಾಯಿಂಟ್, ಅಂದರೆ ಉಳಿದ ಜೀವಬಲ, ಇಳಿಯುವುದು ಎಲ್ಲರ ಕಣ್ಣಿಗೂ ಕಾಣುತ್ತದೆ; ಏನನ್ನಾದರೂ ನೆನಪಿಸಿಕೊಳ್ಳಲು ಹೊರಟರೆ ಸರದಿ ಕಳೆದುಹೋಗಿ, ಕೊನೆಗೆ ಸಿಗುವುದು ‘ಇದು ಜೌಗುನೆಲದಲ್ಲಿ ಗುಂಪಾಗಿ ಬದುಕುವ ಜೀವಿ’ ಎಂಬಂಥ ಒಂದು ಸಾಲು. ಆ ಸಾಲು ನಿಜವೇ ಇರಬಹುದು, ಆದರೆ ಅದನ್ನು ಕೇಳಿದ ಮೇಲೂ ಮೇಜಿನ ಸುತ್ತ ಕೂತ ಯಾರೂ ತಮ್ಮ ನಡೆಯನ್ನು ಬದಲಿಸುವುದಿಲ್ಲ. ಜ್ಞಾನದ ಸ್ಕಿಲ್ ಕಾಳಗದಲ್ಲಿ ಕೆಲಸಕ್ಕೆ ಬರಬೇಕಾದರೆ ಅದರಿಂದ ಸಿಕ್ಕ ಉತ್ತರ ಅದೇ ಸುತ್ತಿನಲ್ಲಿ ಯಾರಾದರೊಬ್ಬರ ನಿರ್ಧಾರವನ್ನು ಬದಲಿಸಬೇಕು, ಮತ್ತು ಆ ಉತ್ತರಕ್ಕೆ ಕೇಳುವ ಬೆಲೆ ಅದರಿಂದಾಗುವ ಲಾಭವನ್ನು ಮೀರಬಾರದು ಎಂಬುದು ನನ್ನ ವಾದ.

ನಿಯಮಗಳು ನಡೆದುಬಂದ ದಾರಿಯನ್ನು ನೋಡಿದರೆ ಈ ಎರಡರಲ್ಲಿ ಒಂದು ಸರಿಹೋದಾಗ ಇನ್ನೊಂದು ಕೈತಪ್ಪಿರುವುದು ಕಾಣುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಜ್ಞಾನದ ಸ್ಕಿಲ್ ಎಂಬುದೇ ಇರಲಿಲ್ಲ. ಆಟಗಾರನಿಗೆ ತಿಳಿದದ್ದೇ ಪಾತ್ರಕ್ಕೂ ತಿಳಿದಂತೆ. 2000ದ ಮೂರನೇ ಆವೃತ್ತಿ ಜ್ಞಾನವನ್ನು ಹಲವು ಶಾಖೆಗಳಾಗಿ ಹಂಚಿತು. 2003ರ ಪರಿಷ್ಕರಣೆಯಲ್ಲಿ ಮಾನ್‌ಸ್ಟರ್ ಒಂದನ್ನು ಗುರುತಿಸಲು ಬೇಕಾದ ಡಿಸಿ (ಇಪ್ಪತ್ತು ಮುಖದ ದಾಳಕ್ಕೆ ಸ್ಕಿಲ್‌ನ ಬೋನಸ್ ಕೂಡಿಸಿ ಮುಟ್ಟಬೇಕಾದ ಸಂಖ್ಯೆ) ಎಂದರೆ 10ಕ್ಕೆ ಅದರ ಹಿಟ್ ಡೈಸ್ (ಜೀವಿಯ ಬಲವನ್ನು ಅಳೆಯುವ ದಾಳಗಳ) ಸಂಖ್ಯೆಯನ್ನು ಕೂಡಿಸಿದಷ್ಟು. ಅದಕ್ಕಿಂತ 5 ಹೆಚ್ಚು ಬಿದ್ದಾಗಲೆಲ್ಲ ಇನ್ನೊಂದು ಉಪಯುಕ್ತ ಸಂಗತಿ. ಇದಕ್ಕೆ ಸಾಮಾನ್ಯವಾಗಿ ಆ್ಯಕ್ಷನ್ (ಒಂದು ಸರದಿಯಲ್ಲಿ ಮಾಡಲು ಸಿಗುವ ಮುಖ್ಯ ಕೆಲಸ) ಖರ್ಚಾಗುತ್ತಿರಲಿಲ್ಲವಾದ್ದರಿಂದ ಬೆಲೆಯ ಮಟ್ಟಿಗೆ ಆ ನಿಯಮ ಉದಾರವಾಗಿತ್ತು. ಆದರೆ ಲೆಕ್ಕದಲ್ಲೊಂದು ವಿಚಿತ್ರವಿತ್ತು. ಪ್ರಾಯಕ್ಕೆ ಬಂದ ಕೆಂಪು ಡ್ರ್ಯಾಗನ್‌ಗೆ 22 ಹಿಟ್ ಡೈಸ್ ಇರುವುದರಿಂದ ಅದನ್ನು ಗುರುತಿಸಲು 32 ಬೇಕು, ಅಂದರೆ ಹಳ್ಳಿಯ ಮಕ್ಕಳೂ ಕಥೆ ಕೇಳಿ ಬಲ್ಲ ಜೀವಿಯೇ ವಿದ್ವಾಂಸನಿಗೆ ಎಲ್ಲಕ್ಕಿಂತ ಅಪರಿಚಿತವಾಗಿಬಿಡುತ್ತದೆ. 2009ರ ಪಾಥ್‌ಫೈಂಡರ್ ಎಂಬ ಇನ್ನೊಂದು ಆಟ ಸರ್ವೇಸಾಮಾನ್ಯವಾದ ಮಾನ್‌ಸ್ಟರ್‌ಗಳಿಗೆ ಡಿಸಿ ಇಳಿಸಿ ಅಪರೂಪದವುಗಳಿಗೆ ಏರಿಸುವ ಮೂಲಕ ಇದನ್ನು ಸ್ವಲ್ಪ ಮಟ್ಟಿಗೆ ತಿದ್ದಿತು. 2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ಆಟಗಾರರ ಪುಸ್ತಕ ಈ ವಿಷಯದಲ್ಲಿ ಹೆಚ್ಚುಕಡಿಮೆ ಮೌನವಹಿಸಿ ಎಲ್ಲವನ್ನೂ ಡಿಎಂ, ಅಂದರೆ ಆಟ ನಡೆಸುವವರ, ವಿವೇಚನೆಗೆ ಬಿಟ್ಟಿತು. 2024ರ ಪರಿಷ್ಕೃತ ಪುಸ್ತಕದಲ್ಲಿ ‘ಸ್ಟಡಿ’ ಎಂಬ ಆ್ಯಕ್ಷನ್ ಬಂದಿದೆ. ಯಾವ ಬಗೆಯ ಜೀವಿಗೆ ಯಾವ ಸ್ಕಿಲ್ ಎಂಬ ಪಟ್ಟಿಯೂ ಜೊತೆಗಿದೆ. ದೈತ್ಯರು ಇತಿಹಾಸಕ್ಕೆ, ಡ್ರ್ಯಾಗನ್‌ಗಳು ನಿಸರ್ಗಕ್ಕೆ, ಸತ್ತೂ ಓಡಾಡುವ ಅನ್‌ಡೆಡ್‌ಗಳು ಧರ್ಮಕ್ಕೆ ಸೇರುತ್ತವೆ. ಪಟ್ಟಿ ಚೆನ್ನಾಗಿದೆ, ಆದರೆ ಬೆಲೆ ಒಂದು ಪೂರ್ತಿ ಆ್ಯಕ್ಷನ್.

ಆ ಬೆಲೆ ನ್ಯಾಯವೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. 2014ರ ಪುಸ್ತಕದ ಟ್ರೋಲ್ ಎಂಬ ಮಾನ್‌ಸ್ಟರ್‌ಗೆ ಆರ್ಮರ್ ಕ್ಲಾಸ್ (ಏಟು ತಾಗಲು ದಾಳಿಯ ದಾಳ ಬೋನಸ್ ಸೇರಿ ಮುಟ್ಟಬೇಕಾದ ಸಂಖ್ಯೆ) 15, ಹಿಟ್ ಪಾಯಿಂಟ್ 84. ತನ್ನ ಪ್ರತಿ ಸರದಿಯ ಆರಂಭದಲ್ಲಿ ಅದು 10 ಹಿಟ್ ಪಾಯಿಂಟ್ ಮರಳಿ ಪಡೆಯುತ್ತದೆ, ಬೆಂಕಿ ಅಥವಾ ಆಮ್ಲ ತಗುಲಿದ್ದರೆ ಮಾತ್ರ ಆ ಒಂದು ಸರದಿಗೆ ಪಡೆಯುವುದಿಲ್ಲ. ಎದುರಿಗೆ ಐದನೇ ಲೆವೆಲ್‌ನ ವಿಜರ್ಡ್ (ಮಂತ್ರವಾದಿ) ಒಬ್ಬಳಿದ್ದಾಳೆ, ದಾಳಿಯ ಬೋನಸ್ +7 ಎನ್ನೋಣ. ಆಕೆ ‘ರೇ ಆಫ್ ಫ್ರಾಸ್ಟ್’ ಎಂಬ ಹಿಮದ ಮಂತ್ರ ಪ್ರಯೋಗಿಸಿದರೆ ಗುರಿ ತಾಗುವ ಸಾಧ್ಯತೆ ಶೇಕಡಾ 65, ಎಂಟು ಮುಖದ ಎರಡು ದಾಳಗಳ ಸರಾಸರಿ 9, ಹೀಗೆ ಒಂದು ಸರದಿಯಿಂದ ನಿರೀಕ್ಷಿಸಬಹುದಾದ ಹಾನಿ ಸುಮಾರು 6. ಅಂದರೆ ಆಕೆ ಒಂದು ಸರದಿಯಲ್ಲಿ ಕಳೆದಿದ್ದಕ್ಕಿಂತ ಹೆಚ್ಚನ್ನು ಟ್ರೋಲ್ ಸುಮ್ಮನೆ ನಿಂತಲ್ಲೇ ತುಂಬಿಕೊಳ್ಳುತ್ತದೆ. ಅದೇ ಸರದಿಯನ್ನು ನೆನಪಿಸಿಕೊಳ್ಳುವುದಕ್ಕೆ ಬಳಸಿ, ಅದೇ +7ರಿಂದ ಡಿಸಿ 15 ಮುಟ್ಟಲು ನೋಡಿದರೆ ಸಾಧ್ಯತೆ ಮತ್ತೆ ಶೇಕಡಾ 65. ಗೆದ್ದರೆ ಅಲ್ಲಿಂದ ಮುಂದಿನ ಪ್ರತಿ ಸುತ್ತಿನಲ್ಲೂ 10 ಹಿಟ್ ಪಾಯಿಂಟ್ ಉಳಿತಾಯ. ಉರಿಯುವ ಪಂಜಿನ ಒಂದು ಏಟು ಕೊಡುವ 1 ಪಾಯಿಂಟ್ ಬೆಂಕಿಯೂ ಇದಕ್ಕೆ ಸಾಕು ಎಂಬುದನ್ನು ನೆನೆದರೆ, ಇಲ್ಲಿ ಪೂರ್ತಿ ಆ್ಯಕ್ಷನ್ ಕೇಳುವುದು ಖಂಡಿತ ನ್ಯಾಯವೇ. ಮೊದಲ ಸುತ್ತಿನಲ್ಲೇ ಅಸಲು ಬಂತು, ಎರಡನೆಯದರಿಂದ ಲಾಭ.

ಅಸ್ಥಿಪಂಜರಗಳ ಎದುರು ಇದೇ ಲೆಕ್ಕ ತಲೆಕೆಳಗಾಗುತ್ತದೆ. ಒಂದೊಂದಕ್ಕೂ 13 ಹಿಟ್ ಪಾಯಿಂಟ್. ದೊಣ್ಣೆ, ಸುತ್ತಿಗೆಯಂಥ ಮೊಂಡು ಆಯುಧದ ಏಟು ಅವಕ್ಕೆ ಎರಡರಷ್ಟು ತಾಗುತ್ತದೆ ಎಂಬುದೇ ತಿಳಿಯಬೇಕಾದ ಗುಟ್ಟು. ಕತ್ತಿಯ ಎರಡು ಏಟಿಗೆ ಹೇಗೂ ಬಿದ್ದುಹೋಗುವ ಶತ್ರುವಿನ ಬಗ್ಗೆ ತಿಳಿಯಲು ಸರದಿಯನ್ನೇ ಕೊಡಬೇಕೆಂದರೆ ಜಾಣ ಆಟಗಾರ ಯಾಕೆ ಕೊಡುತ್ತಾನೆ? ಹಾಗಾಗಿ ನನ್ನ ಮೇಜಿನಲ್ಲಿ ಬೆಲೆ ಎರಡು ಹಂತದ್ದು. ಸಂಬಂಧಪಟ್ಟ ಸ್ಕಿಲ್‌ನಲ್ಲಿ ತರಬೇತಿ ಪಡೆದ ಪಾತ್ರವಿದ್ದರೆ, ಶತ್ರು ಕಣ್ಣಿಗೆ ಬಿದ್ದ ತಕ್ಷಣ ದಾಳ ಉರುಳಿಸದೆಯೇ ಒಂದು ವಾಕ್ಯವನ್ನು ಪುಕ್ಕಟೆ ಹೇಳುತ್ತೇನೆ. ಅದಕ್ಕಿಂತ ಆಳಕ್ಕೆ ಹೋಗಬೇಕೆಂದರೆ ಬೋನಸ್ ಆ್ಯಕ್ಷನ್ (ಮುಖ್ಯ ಆ್ಯಕ್ಷನ್ ಜೊತೆಗೆ ಅದೇ ಸರದಿಯಲ್ಲಿ ಮಾಡಬಹುದಾದ ಚಿಕ್ಕ ಕೆಲಸ) ಕೊಟ್ಟು ದಾಳ ಉರುಳಿಸಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. 2024ರ ನಿಯಮದಲ್ಲಿ ‘ಕೀನ್ ಮೈಂಡ್’ ಎಂಬ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಪಡೆದವರಿಗೆ ಬೋನಸ್ ಆ್ಯಕ್ಷನ್‌ನಲ್ಲಿ ಸ್ಟಡಿ ಮಾಡುವ ಸೌಲಭ್ಯ ಈಗಾಗಲೇ ಇದೆ; ಅದನ್ನೇ ಎಲ್ಲರಿಗೂ ಹಂಚಿದರೆ ಫೀಟ್ ಖರ್ಚು ಮಾಡಿದವರಿಗೆ ಅನ್ಯಾಯವಾಗುತ್ತದೆ. ಅಂಥವರಿಗೆ ಒಂದರ ಬದಲು ಎರಡು ಪ್ರಶ್ನೆ ಕೇಳಲು ಬಿಡುತ್ತೇನೆ. 2019ರ ಪಾಥ್‌ಫೈಂಡರ್ ಎರಡನೇ ಆವೃತ್ತಿ ಈ ಗೊಂದಲವನ್ನು ಬುಡದಲ್ಲೇ ಬಗೆಹರಿಸಿಕೊಂಡಿದೆ: ಪ್ರತಿ ಸರದಿಗೆ 3 ಆ್ಯಕ್ಷನ್, ಅದರಲ್ಲಿ ‘ರೀಕಾಲ್ ನಾಲೆಜ್’ಗೆ ಒಂದೇ ಸಾಕು. ಅಲ್ಲಿ ಮೂರನೇ ಬಾರಿ ಕತ್ತಿ ಬೀಸಿದರೆ ದಂಡ ಜಾಸ್ತಿ, ಗುರಿ ತಾಗುವುದೇ ಕಡಿಮೆ. ಆ ಬಡ ಆ್ಯಕ್ಷನ್ನನ್ನು ನೆನಪಿಗೆ ಕೊಡಲು ಯಾರಿಗೂ ಕೈ ಹಿಂಜರಿಯುವುದಿಲ್ಲ.

ಬೆಲೆ ಎಷ್ಟೇ ಇಳಿದರೂ ಉತ್ತರ ಸಪ್ಪೆಯಾಗಿದ್ದರೆ ಕೇಳುವವರಿರುವುದಿಲ್ಲ. ಜರಾಸಂಧನನ್ನು ಭೀಮ ಸೀಳಿದಷ್ಟು ಸಲವೂ ಹೋಳುಗಳು ಮತ್ತೆ ಕೂಡಿಕೊಂಡಾಗ, ಕೃಷ್ಣ ಒಂದು ಕಡ್ಡಿಯನ್ನು ಸೀಳಿ ಎರಡು ಸೀಳನ್ನೂ ಅತ್ತದ್ದು ಇತ್ತ, ಇತ್ತದ್ದು ಅತ್ತ ಎಸೆದು ತೋರಿಸಿದನೆಂದು ನಮ್ಮಲ್ಲಿ ಕಥೆ ಹೇಳುತ್ತಾರೆ. ಜರೆ ಎಂಬ ರಾಕ್ಷಸಿ ಎರಡು ಹೋಳುಗಳನ್ನು ಕೂಡಿಸಿದ ಜನ್ಮವೃತ್ತಾಂತವನ್ನು ಅವನು ಆಗ ಬಿಚ್ಚಲಿಲ್ಲ. ಈಗ ಮಾಡಬೇಕಾದ್ದನ್ನು ಮಾತ್ರ ತೋರಿಸಿದ, ಮಾಡಿದವನು ಭೀಮ. ಡಿಎಂ ಆದವರು ಕೊಡಬೇಕಾದ ಉತ್ತರದ ಮಾದರಿ ಇದು. ಬಲ್ಲವನೊಬ್ಬ, ಹೊಡೆಯುವವನು ಇನ್ನೊಬ್ಬ ಎಂಬ ಏರ್ಪಾಡು ಇದ್ದಾಗ ಜ್ಞಾನದ ಸ್ಕಿಲ್ ಇಡೀ ಗುಂಪಿನ ಆಸ್ತಿಯಾಗುತ್ತದೆ.

ಹಾಬ್‌ಗಾಬ್ಲಿನ್ ಸೈನಿಕರ ಎದುರು ಇದು ಮೇಜಿನಲ್ಲಿ ಹೀಗೆ ನಡೆಯುತ್ತದೆ. 2014ರ ಪುಸ್ತಕದಲ್ಲಿ ಇವರಿಗೆ ಇರುವುದು 11 ಹಿಟ್ ಪಾಯಿಂಟ್ ಮಾತ್ರ, ಉದ್ದ ಕತ್ತಿಯ ಏಟಿಗೆ ಸರಾಸರಿ 5; ಆದರೆ ಏಟು ತಿನ್ನುವವನಿಂದ 5 ಅಡಿಯೊಳಗೆ ಅವರ ಇನ್ನೊಬ್ಬ ಜೊತೆಗಾರ ನಿಂತಿದ್ದರೆ, ಸರದಿಗೊಮ್ಮೆ ಆರು ಮುಖದ ಎರಡು ದಾಳಗಳಷ್ಟು, ಎಂದರೆ ಸರಾಸರಿ 7ರಷ್ಟು, ಹೆಚ್ಚಿನ ಹಾನಿ ಸೇರುತ್ತದೆ. ಮೊದಲ ಸುತ್ತಿನಲ್ಲೇ ಗುಂಪಿನ ಫೈಟರ್ (ಯೋಧ) ನೆಲ ಕಚ್ಚುವ ಸ್ಥಿತಿಗೆ ಬಂದಾಗ ಬಾರ್ಡ್ (ಹಾಡುಗಾರ ಮಂತ್ರವಾದಿ) ಪಾತ್ರ ಆಡುತ್ತಿರುವಾಕೆ ಕೇಳುತ್ತಾಳೆ: “ಸರ್, ಇತಿಹಾಸದಲ್ಲಿ ನನಗೆ ತರಬೇತಿ ಇದೆ. ಇವರ ಬಗ್ಗೆ ಏನಾದ್ರೂ ಗೊತ್ತಿರುತ್ತಾ?” ನಾನು, “ಏನು ಗೊತ್ತಾಗಬೇಕು ಹೇಳಿ,” ಎನ್ನುತ್ತೇನೆ. “ಇಷ್ಟು ಸಣ್ಣ ಪಡೆ ಇಷ್ಟು ಜೋರಾಗಿ ಹೇಗೆ ಹೊಡೀತಿದೆ?” ದಾಳ 17 ತೋರಿಸುತ್ತದೆ. “ಒಬ್ಬನನ್ನು ಇಬ್ಬರು ಒತ್ತಿ ನಿಂತಾಗ ಮಾತ್ರ ಅವರ ಏಟಿಗೆ ಆ ಬಲ. ಸಾಲು ಚದುರಿದರೆ ಒಬ್ಬೊಬ್ಬನೂ ಸಾಮಾನ್ಯ ಸಿಪಾಯಿ.” ಆಕೆ ಅಲ್ಲಿಯೇ ‘ಥಂಡರ್‌ವೇವ್’ ಎಂಬ ಗುಡುಗಿನ ಮಂತ್ರ ಪ್ರಯೋಗಿಸುತ್ತಾಳೆ, ಸೇವಿಂಗ್ ಥ್ರೋ (ಮಂತ್ರದಿಂದ ಪಾರಾಗಲು ಉರುಳಿಸುವ ದಾಳ) ಸೋತವರು 10 ಅಡಿ ಹಿಂದಕ್ಕೆ ಹಾರುತ್ತಾರೆ, ರೋಗ್ (ನುಸುಳಿ ಹೊಡೆಯುವವ) ಪಾತ್ರ ಆಡುವವನು ಬಾಗಿಲ ಬಳಿ ಒಂಟಿಯಾಗಿ ಬಿದ್ದವನತ್ತ ಓಡುತ್ತಾನೆ. ಹಾಬ್‌ಗಾಬ್ಲಿನ್‌ಗಳ ಆರ್ಮರ್ ಕ್ಲಾಸ್ 18 ಎಂದು ನಾನು ಅಂಕಿ ಓದಿ ಹೇಳಿದ್ದರೆ ಇದರಲ್ಲಿ ಯಾವುದೂ ಆಗುತ್ತಿರಲಿಲ್ಲ.

ಪ್ರಶ್ನೆಯನ್ನು ಆಟಗಾರರೇ ಕೇಳಬೇಕೆಂಬ ಪದ್ಧತಿಯನ್ನು 2023ರ ಪಾಥ್‌ಫೈಂಡರ್ ಪರಿಷ್ಕರಣೆ ನಿಯಮದಲ್ಲೇ ಸೇರಿಸಿದೆ, ಅದು ಬಹಳ ಒಳ್ಳೆಯ ಕೆಲಸ. ಡಿಎಂ ತನಗೆ ತೋಚಿದ್ದನ್ನು ಹೇಳಿದರೆ ಅದು ಆಗಿನ ಅಗತ್ಯಕ್ಕೆ ಹೊಂದುವುದು ಆಕಸ್ಮಿಕ. ಏನು ಕೇಳಬೇಕೆಂದು ತೋಚದ ಹೊಸಬರಿಗೆ ನಾನು ಕೆಲವು ದಾರಿ ಸೂಚಿಸುತ್ತೇನೆ: ಇದನ್ನು ಯಾವುದು ಹೆಚ್ಚು ನೋಯಿಸುತ್ತದೆ, ಯಾವ ಸೇವಿಂಗ್ ಥ್ರೋದಲ್ಲಿ ಇದು ಬಲಹೀನ, ಇನ್ನೂ ತೋರಿಸದ ಆಯುಧವೇನು, ಯಾವ ಸ್ಥಿತಿಯಲ್ಲಿ ಇದು ಓಡಿಹೋಗುತ್ತದೆ. ಕೊನೆಯದನ್ನು ಕೇಳುವವರು ಕಡಿಮೆ, ಆದರೆ ಕಾಳಗವನ್ನು ಎಲ್ಲಕ್ಕಿಂತ ಬೇಗ ಮುಗಿಸುವ ಪ್ರಶ್ನೆ ಅದೇ.

ಮಂತ್ರವನ್ನು ಗುರುತಿಸುವ ವಿಷಯದಲ್ಲಿ ಬೆಲೆಯ ಸಮಸ್ಯೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2017ರ ಪೂರಕ ನಿಯಮದ ಪ್ರಕಾರ, ಶತ್ರು ಮಂತ್ರ ಹಾಕುತ್ತಿರುವಾಗಲೇ ಅದು ಯಾವುದೆಂದು ತಿಳಿಯಲು ರಿಯಾಕ್ಷನ್ (ಸುತ್ತಿಗೊಮ್ಮೆ ಮಾತ್ರ ಸಿಗುವ ಪ್ರತಿಕ್ರಿಯೆಯ ಅವಕಾಶ) ಖರ್ಚು ಮಾಡಬೇಕು. ಡಿಸಿ ಎಂದರೆ 15ಕ್ಕೆ ಮಂತ್ರದ ಲೆವೆಲ್ ಕೂಡಿಸಿದಷ್ಟು. ಆದರೆ ಅದನ್ನು ತಡೆಯುವ ‘ಕೌಂಟರ್‌ಸ್ಪೆಲ್’ ಕೂಡ ರಿಯಾಕ್ಷನ್ನೇ. ಗುರುತಿಸಿದವಳ ಕೈಯಲ್ಲಿ ತಡೆಯುವ ಶಕ್ತಿ ಉಳಿಯುವುದಿಲ್ಲ, ತಡೆಯಬಲ್ಲವಳಿಗೆ ತಾನು ತಡೆಯುತ್ತಿರುವುದು ಫೈರ್‌ಬಾಲೋ ಬರಿಯ ಬೆಳಕೋ ತಿಳಿಯುವುದಿಲ್ಲ. ಗುಂಪಿನಲ್ಲಿ ಇಬ್ಬರು ಮಂತ್ರವಾದಿಗಳಿದ್ದರೆ ಒಬ್ಬಳು ಗುರುತಿಸಿ ಕೂಗುವುದು, ಇನ್ನೊಬ್ಬಳು ತಡೆಯುವುದು ಚೆನ್ನಾಗಿ ನಡೆಯುತ್ತದೆ. ಒಬ್ಬಳೇ ಇದ್ದಾಗ ನಾನು ಗುರುತಿಸುವುದಕ್ಕೂ ತಡೆಯುವುದಕ್ಕೂ ಸೇರಿ ಒಂದೇ ರಿಯಾಕ್ಷನ್ ಲೆಕ್ಕ ಹಿಡಿಯುತ್ತೇನೆ. ಇಲ್ಲವಾದರೆ ಮಂತ್ರವಿದ್ಯೆಯಲ್ಲಿ ಪಳಗಿದ ಪಾತ್ರಕ್ಕೂ ಏನೂ ತಿಳಿಯದ ಪಾತ್ರಕ್ಕೂ ಆ ಕ್ಷಣದಲ್ಲಿ ವ್ಯತ್ಯಾಸವೇ ಇರುವುದಿಲ್ಲ.

ಆಟಗಾರನಿಗೆ ಗೊತ್ತಿರುವುದು ಪಾತ್ರಕ್ಕೂ ಗೊತ್ತಿದೆಯೇ ಎಂಬುದು ಹಳೆಯ ಜಗಳ. ಟ್ರೋಲ್‌ಗೆ ಬೆಂಕಿ ಎಂಬುದು ಒಂದೆರಡು ಸಲ ಆಡಿದವರಿಗೆಲ್ಲ ತಿಳಿದ ಮಾತು. ತಿಳಿಯದವರಂತೆ ನಟಿಸಿರೆಂದು ಹೇಳುವುದು ನನಗೆ ಹಿಡಿಸುವುದಿಲ್ಲ. ಅದರ ಬದಲು, ಎಲ್ಲರಿಗೂ ಗೊತ್ತಿರುವುದರಿಂದಾಚೆಗಿನದನ್ನು ಸ್ಕಿಲ್‌ಗೆ ಮೀಸಲಿಡುತ್ತೇನೆ: ಬೆಂಕಿಯ ಪ್ರಭಾವ ಟ್ರೋಲ್‌ನ ಮುಂದಿನ ಒಂದು ಸರದಿಗಷ್ಟೇ ಸೀಮಿತ, ಹಿಟ್ ಪಾಯಿಂಟ್ ಸೊನ್ನೆಗೆ ಬಂದ ಮಾತ್ರಕ್ಕೆ ಅದು ಸಾಯುವುದಿಲ್ಲ, ಆದ್ದರಿಂದ ಬಿದ್ದ ಮೇಲೂ ಒಮ್ಮೆ ಸುಡಬೇಕು. ಇದಕ್ಕೆ ವಿರುದ್ಧವಾದ ತೊಂದರೆ ರಾಕ್ಷಸನದು. ಈ ಆಟದಲ್ಲಿ ರಾಕ್ಷಸ ಎಂಬ ಹೆಸರಿನದ್ದೇ ಒಂದು ಮಾನ್‌ಸ್ಟರ್ ಇದೆ: ಹುಲಿಯ ತಲೆ, ಹಿಂದುಮುಂದಾಗಿ ತಿರುಗಿದ ಅಂಗೈ. ಬಕನನ್ನೂ ಹಿಡಿಂಬನನ್ನೂ ಕೇಳಿ ಬೆಳೆದ ಕನ್ನಡದ ಆಟಗಾರರು ಅದರ ಮೇಲೆ ಗದೆ ಹಿಡಿದು ಹೋಗುತ್ತಾರೆ. 2014ರ ಪುಸ್ತಕದ ರಾಕ್ಷಸನಿಗೆ ಆರನೇ ಲೆವೆಲ್‌ವರೆಗಿನ ಯಾವ ಮಂತ್ರವೂ ಅವನಿಗೆ ಬೇಡವೆಂದರೆ ತಾಗುವುದಿಲ್ಲ. ಅವನು ಸೋಲುವುದು ಒಳ್ಳೆಯ ಮನಸ್ಸಿನವರು ಹಿಡಿದ ಮಾಂತ್ರಿಕ ಆಯುಧದ ತಿವಿತಕ್ಕೆ. ಇಂಥಲ್ಲಿ ಧರ್ಮದ ಸ್ಕಿಲ್ ಇರುವ ಪಾತ್ರಕ್ಕೆ ಪುಕ್ಕಟೆಯ ಆ ಒಂದು ವಾಕ್ಯ ಕೊಡದಿದ್ದರೆ, ಆಟಗಾರರು ತಮ್ಮ ಸ್ವಂತ ತಿಳಿವಳಿಕೆಯಿಂದಲೇ ದಾರಿ ತಪ್ಪುತ್ತಾರೆ.

ಇನ್ನು ದಾಳ ಕೈಕೊಟ್ಟಾಗಿನ ಮಾತು. ಪಾಥ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಈ ದಾಳವನ್ನು ಡಿಎಂ ಗುಟ್ಟಾಗಿ ಉರುಳಿಸುತ್ತಾರೆ. ತೀರಾ ಕೆಟ್ಟದಾಗಿ ಬಿದ್ದರೆ ಸುಳ್ಳು ಮಾಹಿತಿ ಕೊಡುತ್ತಾರೆ. ಕಾಗದದ ಮೇಲೆ ಇದು ರೋಚಕ. ಮೇಜಿನಲ್ಲಿ ಮಾತ್ರ, ಒಮ್ಮೆ ಸುಳ್ಳು ಕೇಳಿ ಪೆಟ್ಟು ತಿಂದ ಆಟಗಾರ ಮುಂದೆ ಕೇಳುವುದನ್ನೇ ಬಿಡುತ್ತಾನೆ. ಅದೇ ಆಟದ ‘ಡ್ಯೂಬಿಯಸ್ ನಾಲೆಜ್’ ಫೀಟ್‌ನಲ್ಲಿ ಸೋತಾಗ ಒಂದು ನಿಜ, ಒಂದು ಸುಳ್ಳು ಎರಡೂ ಸಿಗುತ್ತವೆ, ಯಾವುದು ಯಾವುದೆಂದು ಮಾತ್ರ ತಿಳಿಯುವುದಿಲ್ಲ. ಅದು ಮೇಜಿನಲ್ಲಿ ಚರ್ಚೆ ಹುಟ್ಟಿಸುವುದರಿಂದ ನನಗೆ ಹೆಚ್ಚು ಇಷ್ಟ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವಾಗ ನಾನು ಸೋಲನ್ನು ಖಾಲಿ ಬಿಡದೆ ಮುಂದಕ್ಕೆ ಹಾಕುತ್ತೇನೆ: ಉತ್ತರ ಈಗ ಸಿಗುವುದಿಲ್ಲ, ಯಾರಾದರೂ ಆ ಜೀವಿಗೆ ಮುಂದಿನ ಏಟು ಹಾಕಿದಾಗ ಸಿಗುತ್ತದೆ. ಫೈಟರ್‌ನ ಕತ್ತಿ ತಾಗಿ ಟ್ರೋಲ್‌ನ ಗಾಯ ಕಣ್ಣೆದುರೇ ಕೂಡಿಕೊಳ್ಳತೊಡಗಿದಾಗ ನಾನು ವಿಜರ್ಡ್ ಕಡೆ ತಿರುಗಿ, ಆಕೆ ಕೇಳಿದ್ದ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಒಂದು ಸುತ್ತು ತಡವಾಯಿತು, ಅದೇ ಸೋಲಿನ ದಂಡ. ಆಕೆ ಕೊಟ್ಟ ಬೋನಸ್ ಆ್ಯಕ್ಷನ್ ಮಾತ್ರ ನೀರುಪಾಲಾಗಲಿಲ್ಲ.