ಪಾಲಿಕೆ ಬಜೆಟ್ ಟಿಪ್ಪಣಿ: ‘ಉಳಿತಾಯ’ ಅಂದರೆ ಉಳಿದ ರೊಕ್ಕ ಅಲ್ಲ

ನಮ್ಮ ಓದುವ ಗುಂಪಿನ ಕಳೆದ ಮಾದರಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ‘ಒಂದು ನಗರಾಡಳಿತ 3 ಕೋಟಿ ರೂಪಾಯಿ ಉಳಿತಾಯ ಬಜೆಟ್ ಮಂಡಿಸಿದೆ. ಈ ಹಣವನ್ನು ಹೇಗೆ ಬಳಸಬೇಕು? ಚರ್ಚಿಸಿ.’ ನಾನು ಎರಡು ಪುಟ ಬರೆದೆ. ಉದ್ಯಾನ, ಓದುವ ಕೋಣೆ, ಬೀದಿದೀಪ ಎಲ್ಲ ಹಾಕಿದೆ. ಹತ್ತಕ್ಕೆ ಎರಡು ಅಂಕ ಬಂತು. ತಪ್ಪು ಎಲ್ಲಿ ಅಂತ ಹಿಡಿಯಲು ನಾಲ್ಕು ದಿನ ಬೇಕಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇದೇ ಕಡೆ ಎಡವಿದವರು ನಿಮ್ಮಲ್ಲೂ ಇರಬಹುದು.

ಕಾನೂನಿನ ಭಾಗ ನಿಮಗೆ ಗೊತ್ತೇ ಇದೆ. ವಿಜಯಪುರ, ಬೆಳಗಾವಿ ಮಹಾನಗರ ಪಾಲಿಕೆಗಳು ನಡೆಯುವುದು ರಾಜ್ಯದ 1976ರ ಪಾಲಿಕೆ ಕಾಯ್ದೆಯ ಪ್ರಕಾರ. ಬಾಗಲಕೋಟೆ ನಗರಸಭೆ, ಅದಕ್ಕೆ 1964ರ ಪುರಸಭೆ ಕಾಯ್ದೆ. ನಗರಾಡಳಿತಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿ. 12ನೇ ಅನುಸೂಚಿಯಲ್ಲಿ ನಗರಾಡಳಿತದ 18 ಕೆಲಸಗಳು. ನೀರು, ಕಸ, ಬೀದಿದೀಪ, ಸ್ಮಶಾನ ಎಲ್ಲ ಅದರಲ್ಲಿವೆ. ಯಾವ ತೆರಿಗೆ ಹಾಕಬಹುದು ಅನ್ನುವುದನ್ನು ರಾಜ್ಯದ ಕಾನೂನು ಹೇಳುತ್ತದೆ. ಇಷ್ಟು ಸಾಕು, ಮುಂದೆ ಹೋಗೋಣ.

ಮೊದಲು ಚಲನ್ ನೋಡಿ

ಮನೆಯಲ್ಲಿ ಆಸ್ತಿ ತೆರಿಗೆ ಕಟ್ಟಿದ ಚಲನ್ ಇದ್ದರೆ ಒಮ್ಮೆ ತೆಗೆದು ನೋಡಿ. ನಮ್ಮಲ್ಲಿ ಇದು ಸ್ವಯಂ ಘೋಷಣೆ ಪದ್ಧತಿ. ಅಂದರೆ ಅಳತೆ, ಬೆಲೆ ಎಲ್ಲ ನಾವೇ ತುಂಬಿ ಕಟ್ಟಬೇಕು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ.

ಲೆಕ್ಕ ಸುಲಭ ಆಗಲಿ ಅಂತ ತೆರಿಗೆ 2,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಕೆಳಗೆ ಉಪಕರಗಳು (ಸೆಸ್) ಸಾಲಾಗಿ ಬರುತ್ತವೆ. ಆರೋಗ್ಯ ಶೇ 15, ಅಂದರೆ 300. ಗ್ರಂಥಾಲಯ ಶೇ 6, ಅಂದರೆ 120. ಭಿಕ್ಷುಕರ ಉಪಕರ ಶೇ 3, ಅಂದರೆ 60. ನಗರ ಸಾರಿಗೆ ಶೇ 2, ಅಂದರೆ 40. ಎಲ್ಲ ಸೇರಿ 520. ಕಿಟಕಿಯಲ್ಲಿ ಕಟ್ಟಿದ್ದು 2,520.

ನಾನು ಇಲ್ಲಿಯವರೆಗೆ ಆ 2,520 ಪೂರ್ತಿ ಪಾಲಿಕೆ ರೊಕ್ಕ ಅಂದುಕೊಂಡಿದ್ದೆ. ಹಾಗಲ್ಲ. ಉಪಕರ ಯಾವುದಕ್ಕಾಗಿ ಅಂತ ಅದರ ಕಾಯ್ದೆಯೇ ಹೇಳಿರುತ್ತದೆ. ಗ್ರಂಥಾಲಯ ಉಪಕರ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದದ್ದು. ಪಾಲಿಕೆ ಅದನ್ನು ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡಬೇಕು. ನಾವು ದಿನಾ ಕೂಡುವ ಮೇಜು, ತಲೆ ಮೇಲಿನ ಫ್ಯಾನು, ಕೈಯಿಂದ ಕೈಗೆ ಹೋಗಿ ಮಡಿಕೆ ಹರಿದ ಪೇಪರು, ಎಲ್ಲದರ ಹಿಂದೆ ಈ 120 ರೂಪಾಯಿಯಂಥ ಸಾವಿರಾರು ಚಲನ್ ಇವೆ. ಅದನ್ನು ಹಿಡಿದಿಟ್ಟುಕೊಂಡು ಬೇರೆ ಕೆಲಸಕ್ಕೆ ಹಾಕಿದರೆ ಅದು ನಮ್ಮಂಥ ಓದುವವರ ರೊಕ್ಕ ಮುಟ್ಟಿದ ಹಾಗೆ. ಈ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ.

ಶಿಲ್ಕು: ನಾನು ಎಡವಿದ ಜಾಗ

ಇದನ್ನು ನಿಧಾನವಾಗಿ ಓದಿ. ಮನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನನಗೆ ಅರ್ಥ ಆದದ್ದೂ ಹಾಗೆಯೇ.

ಅವ್ವ ಓಣಿಯಲ್ಲಿ ಭಿಶಿ, ಅಂದರೆ ಚೀಟಿ, ನಡೆಸುತ್ತಾಳೆ. 12 ಮಂದಿ, ತಲಾ 500. ತಿಂಗಳಿಗೆ 6,000. ಅದು ಒಂದು ಸ್ಟೀಲ್ ಡಬ್ಬಿಯಲ್ಲಿ ಇರುತ್ತದೆ. ತಮ್ಮನ ಫೀಸಿಗೆ ಅಂತ ಮಾಮಾ ಕೊಟ್ಟ 15,000 ಇನ್ನೊಂದು ಡಬ್ಬಿಯಲ್ಲಿ. ಮನೆ ಖರ್ಚಿನದು ಮೂರನೆಯದು, ಅದರಲ್ಲಿ ಆವತ್ತು 2,000 ಇತ್ತು. ನಾನು ಮೂರೂ ಎಣಿಸಿ, “ಅವ್ವಾ, ಮನೆಯಲ್ಲಿ 23 ಸಾವಿರ ಐತಿ, ಮಿಕ್ಸರ್ ತರೋಣು” ಅಂದೆ. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು: “ಎಲ್ಲೀ ಇಪ್ಪತ್ಮೂರು? ನಮ್ಮವು ಎರಡ ಸಾವಿರ. ಒಂದು ಮಂದೀದು, ಒಂದು ಫೀಸಿಂದು. ಮುಟ್ಟಬ್ಯಾಡ.”

ಪಾಲಿಕೆ ಬಜೆಟ್ ಓದುವ ಕೀಲಿ ಇದೇ ಮಾತಿನಲ್ಲಿದೆ. ಬಜೆಟ್‌ನಲ್ಲಿ ಸ್ವೀಕೃತಿ ಮೂರು ಥರ. ರಾಜಸ್ವ, ಬಂಡವಾಳ, ಅಸಾಮಾನ್ಯ. ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಲೈಸೆನ್ಸ್ ಶುಲ್ಕ ಇವು ರಾಜಸ್ವ. ರಸ್ತೆ, ಗಟಾರ ಕಟ್ಟಲು ಬಂದ ಅನುದಾನ ಬಂಡವಾಳ. ಅಸಾಮಾನ್ಯ ಅನ್ನುವ ಹೆಸರು ಕೇಳಿ ನಾನು ಏನೋ ದೊಡ್ಡ ಆದಾಯ ಅಂದುಕೊಂಡಿದ್ದೆ. ಅದು ಅವ್ವನ ಭಿಶಿ ಡಬ್ಬಿ. ಗುತ್ತಿಗೆದಾರರ ಠೇವಣಿ, ಬೇರೆಯವರಿಗೆ ಕಟ್ಟಬೇಕಾದ ಉಪಕರ, ನೌಕರರ ಸಂಬಳದಲ್ಲಿ ಮುರಿದುಕೊಂಡದ್ದು, ಇಂಥವೆಲ್ಲ ಅಲ್ಲಿ ಬರುತ್ತವೆ. ಕೈಯಲ್ಲಿ ಇರುತ್ತದೆ, ಆದರೆ ನಮ್ಮದಲ್ಲ.

ಈಗ ಒಂದು ಕಲ್ಪಿತ ಊರು ತೆಗೆದುಕೊಳ್ಳೋಣ. ಎಲ್ಲ ಅಂಕಿ ಕೋಟಿ ರೂಪಾಯಿಯಲ್ಲಿ.

ಬರುವುದು:
ಆರಂಭಿಕ ಶಿಲ್ಕು 60
ರಾಜಸ್ವ 70
ಬಂಡವಾಳ 40
ಅಸಾಮಾನ್ಯ 30
ಒಟ್ಟು 200

ಹೋಗುವುದು:
ರಾಜಸ್ವ 78
ಬಂಡವಾಳ 85
ಅಸಾಮಾನ್ಯ 34
ಒಟ್ಟು 197

200ರಲ್ಲಿ 197 ಕಳೆದರೆ 3. ಮರುದಿನ ಪೇಪರಿನಲ್ಲಿ ‘3 ಕೋಟಿ ಉಳಿತಾಯ ಬಜೆಟ್’. ನಾನು ಪರೀಕ್ಷೆಯಲ್ಲಿ ಉದ್ಯಾನ ಕಟ್ಟಿದ್ದು ಈ 3 ಕೋಟಿಯಲ್ಲೇ.

ಇಲ್ಲಿ ಸ್ವಲ್ಪ ನಿಲ್ಲಿ. ಆರಂಭಿಕ ಶಿಲ್ಕು ಈ ವರ್ಷದ ಗಳಿಕೆ ಅಲ್ಲ. ಹೋದ ವರ್ಷ ಮುಗಿದಾಗ ಖಾತೆಯಲ್ಲಿ ಉಳಿದದ್ದು. ಅದನ್ನು ಬದಿಗಿಡಿ. ಈ ವರ್ಷ ಬರುವುದು 140, ಹೋಗುವುದು 197. ಕೊರತೆ 57. ಆ 57 ಶಿಲ್ಕಿನಿಂದ ತೆಗೆದದ್ದಕ್ಕೇ 60ರಲ್ಲಿ 3 ಉಳಿಯಿತು.

ಇಷ್ಟು ನನಗೂ ಮೂರನೇ ದಿನಕ್ಕೆ ಗೊತ್ತಾಗಿತ್ತು. ಅರ್ಥವಾಗದೆ ಉಳಿದದ್ದು ಮುಂದಿನ ಹೆಜ್ಜೆ. ಶಿಲ್ಕು ಇದೆಯಲ್ಲ, ಅದರಿಂದ ತೆಗೆದರೆ ತಪ್ಪೇನು?

ತಪ್ಪು ಏನೆಂದರೆ ಶಿಲ್ಕು ಒಂದೇ ಡಬ್ಬಿ ಅಲ್ಲ. ಆ 60ನ್ನು ಬಿಚ್ಚಿ ನೋಡೋಣ. 45 ಕೋಟಿ ಹಿಂದಿನ ವರ್ಷಗಳಲ್ಲಿ ಬಂದು ಖರ್ಚಾಗದ ಅನುದಾನ, ಅದು ಫೀಸಿನ ಡಬ್ಬಿ. 10 ಕೋಟಿ ಗುತ್ತಿಗೆದಾರರ ಠೇವಣಿ, ಅದು ಭಿಶಿ ಡಬ್ಬಿ. ನಿಜವಾಗಿ ಊರಿನದು, ಮನೆ ಖರ್ಚಿನದು, 5 ಕೋಟಿ ಅಷ್ಟೇ.

ಈಗ ಡಬ್ಬಿಗೆ ಡಬ್ಬಿ ಹೊಂದಿಸಿ. ಬಂಡವಾಳದಲ್ಲಿ 40 ಬಂದು 85 ಹೋಗುತ್ತದೆ, 45 ಕಡಿಮೆ. ಅನುದಾನದ ಡಬ್ಬಿಯ 45 ಪೂರ್ತಿ ಖಾಲಿ. ಅದು ಸರಿಯೇ, ಅದು ಇದ್ದದ್ದೇ ಕಟ್ಟುವುದಕ್ಕೆ. ಅಸಾಮಾನ್ಯದಲ್ಲಿ 30 ಬಂದು 34 ಹೋಗುತ್ತದೆ, 4 ಕಡಿಮೆ. ಠೇವಣಿ 10ರಲ್ಲಿ 4 ಹೋಗಿ 6 ಉಳಿಯಬೇಕು. ರಾಜಸ್ವದಲ್ಲಿ 70 ಬಂದು 78 ಹೋಗುತ್ತದೆ, 8 ಕಡಿಮೆ. ಮನೆ ಡಬ್ಬಿಯಲ್ಲಿ ಇರುವುದು 5. ಇನ್ನೂ 3 ಕೋಟಿ ಬೇಕು. ಎಲ್ಲಿಂದ ಬರಬೇಕು?

ಕೈಗೆ ಸಿಗುವುದು ಭಿಶಿ ಡಬ್ಬಿ ಒಂದೇ. ಅದರ 6ರಲ್ಲಿ 3 ತೆಗೆದರೆ ಉಳಿಯುವುದು 3.

ಆ ‘ಉಳಿತಾಯ’ ಇದೇ 3 ಕೋಟಿ! ಊರಿನ ರೊಕ್ಕ ಒಂದು ಪೈಸೆ ಅದರಲ್ಲಿ ಇಲ್ಲ. ಗುತ್ತಿಗೆದಾರರಿಗೆ 6 ಕೋಟಿ ಮರಳಿಸಬೇಕು, ಇರುವುದು 3. ನಾನು ಉದ್ಯಾನ ಕಟ್ಟಲು ಹೊರಟಿದ್ದು ಮಂದಿ ರೊಕ್ಕದಲ್ಲಿ. ಇದು ಹೊಳೆದಾಗ ರಾತ್ರಿ ಹತ್ತೂವರೆ. ಹೋಗಿ ಅವ್ವನಿಗೂ ಹೇಳಿದೆ. ಅವಳಿಗೆ ಇದರಲ್ಲಿ ಹೊಸದು ಏನೂ ಕಾಣಲಿಲ್ಲ.

ಠೇವಣಿ ಮುಟ್ಟದಿದ್ದರೆ ಇನ್ನೊಂದು ದಾರಿ ಉದ್ರಿ. ಹೆಸ್ಕಾಂನ ಕರೆಂಟ್ ಬಿಲ್ ಬಾಕಿ ಇಡುವುದು, ಕೆಲಸ ಮಾಡಿದವರ ಬಿಲ್ ಮುಂದಿನ ವರ್ಷಕ್ಕೆ ತಳ್ಳುವುದು. ಕಿರಾಣಿ ಅಂಗಡಿಯ ಉದ್ರಿ ಚೀಟಿಯ ಹಾಗೆ ಅದು ತಟ್ಟನೆ ಕಣ್ಣಿಗೆ ಬೀಳುವುದಿಲ್ಲ.

ನಾನು ಈಗ ಬಳಸುವ ಸುಲಭ ದಾರಿ ಇದು. ಯಾವ ಬಜೆಟ್ ಸಿಕ್ಕರೂ ಮೊದಲು ಶಿಲ್ಕನ್ನು ಬೆರಳಿನಿಂದ ಮುಚ್ಚುತ್ತೇನೆ. ಆಮೇಲೆ ರಾಜಸ್ವ ಸ್ವೀಕೃತಿ, ರಾಜಸ್ವ ಪಾವತಿ ಎರಡೇ ಸಾಲು ನೋಡುತ್ತೇನೆ. ಸ್ವೀಕೃತಿ ಜಾಸ್ತಿ ಇದ್ದರೆ ಊರು ದಿನದ ಖರ್ಚು ತಾನೇ ತೂಗಿಸುತ್ತಿದೆ. ಪಾವತಿ ಜಾಸ್ತಿ ಇದ್ದರೆ ತಲೆಬರಹದಲ್ಲಿ ಎಷ್ಟೇ ಉಳಿತಾಯ ಇರಲಿ, ಊರು ಕೊರತೆಯಲ್ಲಿದೆ. ಅರ್ಧ ನಿಮಿಷದ ಕೆಲಸ.

ಅನುದಾನದ ಗಂಟು

15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಹೀಗೆ ಹಂಚಿತು. 100 ರೂಪಾಯಿಯಲ್ಲಿ 30 ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. 30 ಸ್ವಚ್ಛತೆ ಮತ್ತು ಕಸಕ್ಕೆ. ಉಳಿದ 40 ಸ್ಥಳೀಯ ಅಗತ್ಯಕ್ಕೆ, ಆದರೆ ಅದರಲ್ಲೂ ಸಂಬಳ ಕೊಡುವಂತಿರಲಿಲ್ಲ. 2011ರ ಜನಗಣತಿಯಲ್ಲಿ ಬೆಳಗಾವಿ ಸುಮಾರು 4.9 ಲಕ್ಷ, ವಿಜಯಪುರ 3.27 ಲಕ್ಷ, ಬಾಗಲಕೋಟೆ 1.12 ಲಕ್ಷ. ಮೂರಕ್ಕೂ ಇದೇ ಲೆಕ್ಕ ಇತ್ತು.

ಸ್ಮಾರ್ಟ್ ಸಿಟಿಯೂ ಹಾಗೆಯೇ. 2016ರ ಜನವರಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ಬೆಳಗಾವಿ ಇತ್ತು. ಒಂದೊಂದು ಊರಿಗೆ ಕೇಂದ್ರದ ಪಾಲು 500 ಕೋಟಿ ಅಂತ ಯೋಜನೆ ಇತ್ತು. ಅದು ಮುಖ್ಯವಾಗಿ ಕಟ್ಟುವ ರೊಕ್ಕ. ಕಟ್ಟಿದ ರಸ್ತೆಯ ದೀಪಕ್ಕೆ ತಿಂಗಳು ತಿಂಗಳು ಬರುವ ಬಿಲ್ ಬೇರೆ.

ಹಾಗಾದರೆ ನಮ್ಮ ತೆರಿಗೆ ಯಾವುದಕ್ಕೆ?

ನನ್ನ ಉತ್ತರ: ನಿರ್ವಹಣೆಗೆ. ಮೊದಲು ಅದಕ್ಕೆ, ಉಳಿದರೆ ಹೊಸದಕ್ಕೆ. ಕಟ್ಟಲು ಕೊಡುವವರು ದೆಹಲಿಯಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ. ಕಟ್ಟಿದ್ದನ್ನು ನಡೆಸುವ ಭಾರ ಬಹುಪಾಲು ನಮ್ಮ ತೆರಿಗೆಯ ಮೇಲೆಯೇ ಬೀಳುತ್ತದೆ. ಆ ತೆರಿಗೆಯನ್ನೂ ಹೊಸ ಕಮಾನಿಗೆ, ಹೊಸ ವೃತ್ತಕ್ಕೆ ಹಾಕಿದರೆ ಗಟಾರದ ಹೂಳು ಯಾರು ತೆಗೆಯಬೇಕು?

ಅಕ್ಕನ ಊರಿನಲ್ಲಿ ಒಂದು ಉದ್ಯಾನ ಇದೆ. ಅನುದಾನದಲ್ಲಿ ಚೆಂದ ಕಟ್ಟಿದ್ದರು. ಎರಡು ಬೇಸಿಗೆ ಹಸಿರಾಗಿತ್ತು. ಆಮೇಲೆ ಬೋರ್‌ವೆಲ್ ಮೋಟರ್ ವೈಂಡಿಂಗ್ ಸುಟ್ಟಿತು. ಈ ಸಲ ಹೋದಾಗ ನೋಡಿದೆ. ಸ್ಟಾರ್ಟರ್ ಪೆಟ್ಟಿಗೆಗೆ ತುಕ್ಕು, ಜೋಕಾಲಿಯ ಒಂದು ಸರಪಳಿ ಕಿತ್ತಿದೆ, ಹುಲ್ಲು ಒಣಗಿ ನೆಲ ಕಾಣುತ್ತಿದೆ, ಗೇಟಿಗೆ ಬೀಗ. ಅಕ್ಕನ ಮಗಳು ಗೇಟಿನ ಸರಳು ಹಿಡಿದು ಜೋಕಾಲಿ ನೋಡುತ್ತಾ ನಿಂತಳು. ಮೋಟರ್ ರಿಪೇರಿಗೆ ಬೇಕಾದದ್ದು ಕೆಲವು ಸಾವಿರ ರೂಪಾಯಿ. ಲಕ್ಷಗಟ್ಟಲೆ ಕೊಟ್ಟ ಯೋಜನೆಯಲ್ಲಿ ಆ ಸಾವಿರಕ್ಕೆ ಜಾಗ ಇರಲಿಲ್ಲ.

ಇನ್ನೊಂದು ಲೆಕ್ಕ, ಪೌರಕಾರ್ಮಿಕರದು. ನಮ್ಮ ರಾಜ್ಯದ ಮಾನದಂಡ 700 ಜನರಿಗೆ ಒಬ್ಬರು. ವಿಜಯಪುರದ 3.27 ಲಕ್ಷವನ್ನು 700ರಿಂದ ಭಾಗಿಸಿದರೆ 467. ಅದೂ 2011ರ ಜನಸಂಖ್ಯೆಗೆ. ಇವರ ಸಂಬಳವನ್ನು 15ನೇ ಹಣಕಾಸು ಆಯೋಗದ ರೊಕ್ಕದಲ್ಲಿ ಕೊಡುವಂತಿರಲಿಲ್ಲ ಅಂತ ಮೇಲೆ ನೋಡಿದೆವು. ಊರಿಗೆ ಮೊದಲು ಬೇಕಾದ ಖರ್ಚು ಇದು. ಬೆಳಿಗ್ಗೆ ಆರಕ್ಕೆ ಗಟಾರದಲ್ಲಿ ಇಳಿಯುವವರ ಸಂಬಳ ತಡ ಮಾಡಿ ವೃತ್ತಕ್ಕೆ ಕಾರಂಜಿ ಹಾಕುವುದನ್ನು ನಾನು ಒಪ್ಪುವುದಿಲ್ಲ.

ನೀರಿನ ವಿಷಯದಲ್ಲಿ ಬೆಳಗಾವಿಯ ಉದಾಹರಣೆ ಪರೀಕ್ಷೆಗೆ ಚೆನ್ನಾಗಿ ಒದಗುತ್ತದೆ. ಅಲ್ಲಿ, ಹುಬ್ಬಳ್ಳಿ-ಧಾರವಾಡದಲ್ಲಿ, ಕಲಬುರಗಿಯಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಕೆಲವು ವಾರ್ಡ್‌ಗಳಿಗೆ 24 ಗಂಟೆ ನೀರು ಕೊಟ್ಟು ತೋರಿಸಿದರು. 2008ರ ಹೊತ್ತಿಗೆ ಅದು ನಡೆಯಿತು. ಹೊಸ ಅಣೆಕಟ್ಟು ಕಟ್ಟಲಿಲ್ಲ. ಓಣಿಯ ಹಳೇ ಪೈಪು ಬದಲಿಸಿದರು, ಮೀಟರ್ ಹಾಕಿದರು, ಸೋರಿಕೆ ಹಿಡಿದರು. ಸೋರಿಕೆ ಹಿಡಿಯುವುದು ದಿನದ ಕೆಲಸ. ನಮ್ಮ ವಿಜಯಪುರಕ್ಕೆ ಕೊಲ್ಹಾರದಿಂದ ಕೃಷ್ಣೆಯ ನೀರನ್ನು ಪಂಪ್ ಮಾಡಿ ತರಬೇಕು. ಸೋರಿದ ಪ್ರತಿ ಕೊಡದ ಹಿಂದೆ ಕರೆಂಟ್ ಬಿಲ್ ಇದೆ.

ನಮ್ಮ ಊರಿಗೆ ಇನ್ನೊಂದು ತೊಡಕು. ಗೋಳಗುಮ್ಮಟ ಕೇಂದ್ರದ ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ, ಟಿಕೆಟ್ ರೊಕ್ಕ ಅಲ್ಲಿಗೆ ಹೋಗುತ್ತದೆ. ಕೇಂದ್ರದ ಆಸ್ತಿಗೆ ಸಂವಿಧಾನದ 285ನೇ ವಿಧಿಯ ಪ್ರಕಾರ ಆಸ್ತಿ ತೆರಿಗೆ ಇಲ್ಲ. ಹೊರಗಿನ ರಸ್ತೆಯ ಕಸ ಮಾತ್ರ ಪಾಲಿಕೆಯೇ ಎತ್ತಬೇಕು. ಬೆಳಗಾವಿಯ ಕ್ಯಾಂಪ್ ಭಾಗದ ಕಥೆ ಬೇರೆ, ಅಲ್ಲಿ ಕಂಟೋನ್ಮೆಂಟ್ ಬೋರ್ಡ್ ಆಡಳಿತ. ಎರಡನ್ನೂ ಕಲಸಬೇಡಿ, ನಾನು ಒಮ್ಮೆ ಕಲಸಿದ್ದೆ.

ಮೀಸಲು ಪಾಲು

ಪಾಲಿಕೆ ಬಜೆಟ್‌ನಲ್ಲಿ ಕೆಲವರಿಗಾಗಿ ತೆಗೆದಿಡಬೇಕಾದ ಪಾಲು ಇದು. ಚಿಕ್ಕದು, ಆದರೆ ಅಂಕ ತರುತ್ತದೆ. ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ 24.10. ಇತರ ಬಡವರಿಗೆ ಶೇ 7.25. ಅಂಗವಿಕಲರಿಗೆ ಶೇ 5. ಕೂಡಿಸಿದರೆ 36.35. ಇದನ್ನು ‘ನಿರ್ವಹಣೆ ಮೊದಲು’ ಅನ್ನುವ ವಾದಕ್ಕೆ ಎದುರು ನಿಲ್ಲಿಸಬೇಡಿ. ಗಟಾರ ತುಂಬಿದಾಗ ನೀರು ಮೊದಲು ನುಗ್ಗುವುದು ತಗ್ಗಿನ ಓಣಿಯ ಮನೆಗಳಿಗೆ. ಅಲ್ಲಿ ಯಾರ ಮನೆಗಳಿವೆ ಅಂತ ನಮಗೆಲ್ಲ ಗೊತ್ತು.

ಯಾರು ಕೇಳಬೇಕು?

3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ. 58 ವಾರ್ಡ್‌ಗಳ ಬೆಳಗಾವಿ, 35 ವಾರ್ಡ್‌ಗಳ ವಿಜಯಪುರ ಎರಡೂ ಇದರಲ್ಲಿ ಬರುತ್ತವೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ಊರು 1989ರಲ್ಲಿ ಬಜೆಟ್‌ನ ಒಂದು ಭಾಗವನ್ನು ಜನರ ಸಭೆಗಳಿಗೇ ಬಿಟ್ಟಿತು. ನಮಗೆ ಹತ್ತಿರದ ಪುಣೆ 2006ರಿಂದ ನಾಗರಿಕರ ಸಲಹೆ ಪಡೆದು ವಾರ್ಡ್ ಕೆಲಸ ಸೇರಿಸುತ್ತ ಬಂದಿದೆ. ನಮ್ಮಲ್ಲೂ ಬಜೆಟ್‌ಗೆ ಮುಂಚೆ ಪೂರ್ವಭಾವಿ ಸಭೆ ಕರೆಯುತ್ತಾರೆ. ಅಲ್ಲಿ ಬಹಳ ಜನ ಹೊಸದನ್ನೇ ಕೇಳುತ್ತಾರೆ. ರಸ್ತೆ, ಭವನ, ಕಮಾನು.

ಮುಂದಿನ ಸಭೆಗೆ ನಮ್ಮ ಗುಂಪಿನ ಐದು ಮಂದಿ ಹೋಗುತ್ತೇವೆ. ನಾನು ಕೇಳಲು ಬರೆದುಕೊಂಡದ್ದು ಎರಡೇ. ಆರಂಭಿಕ ಶಿಲ್ಕಿನಲ್ಲಿ ಅನುದಾನ ಎಷ್ಟು, ಠೇವಣಿ ಎಷ್ಟು, ಊರಿನದು ಎಷ್ಟು? ಈ ವರ್ಷ ಕಟ್ಟುವ ಪ್ರತಿ ಉದ್ಯಾನದ ಮೋಟರ್ ರಿಪೇರಿ ಯಾವ ಲೆಕ್ಕ ಶೀರ್ಷಿಕೆಯಲ್ಲಿದೆ?